ಹೊಲಿಗೆ ಯಂತ್ರ ಸಾಲದು, ಹೊಲಿಯಲು ಬಟ್ಟೆಯೂ ಬೇಕು: ದಾವಣಗೆರೆಯಲ್ಲಿ ನನ್ನ ಅನುಭವ

ಪಾಲಿಕೆಯ ಬಡತನ ನಿವಾರಣಾ ಶಾಖೆಯಲ್ಲಿ ಸಮುದಾಯ ಸಂಘಟಕಿಯಾಗಿ ಕುಳಿತವರಿಗೆ ದಿನವೂ ಎದುರಾಗುವ ಪ್ರಶ್ನೆ ಒಂದೇ: "ಮೇಡಮ್, ಪಾಲಿಕೆಯಲ್ಲಿ ಏನಾದರೂ ಕೆಲಸ ಇದೆಯೇ?" ಬಿ.ಎ. ಮುಗಿಸಿದ ಹುಡುಗರು ಕೇಳುತ್ತಾರೆ, ಗಂಡನನ್ನು ಕಳೆದುಕೊಂಡ ಹೆಂಗಸರು ಕೇಳುತ್ತಾರೆ, ಮಂಡಿಪೇಟೆಯಲ್ಲಿ ಮೂಟೆ ಹೊತ್ತು ಬೆನ್ನು ಸೋತ ಹಮಾಲರೂ ಕೇಳುತ್ತಾರೆ. ಅವರ ಮನಸ್ಸಿನಲ್ಲಿರುವುದು ಪಾಲಿಕೆಯ ಸಂಬಳ. 700 ಜನಸಂಖ್ಯೆಗೆ ಒಬ್ಬ ಪೌರಕಾರ್ಮಿಕ ಎಂಬುದು ಸರ್ಕಾರ ಹಾಕಿಕೊಟ್ಟ ಲೆಕ್ಕ, ಅದನ್ನು ನಾವು ಮೀರುವಂತಿಲ್ಲ. ಗುಮಾಸ್ತರ ಹುದ್ದೆಗಳನ್ನು ತುಂಬುವುದು ನಮ್ಮ ಕೈಯಲ್ಲಿಲ್ಲ. ಆ ಅರ್ಥದಲ್ಲಿ ಕೇಳಿದರೆ ಉತ್ತರ "ಇಲ್ಲಮ್ಮ" ಎಂದೇ.

ಆದರೆ ನಗರಾಡಳಿತದ ಕೈಯಲ್ಲಿ ಬೇರೆ ಮೂರು ವಸ್ತುಗಳಿವೆ. ರಸ್ತೆ ಬದಿಯ ಜಾಗ, ಉದ್ದಿಮೆ ಪರವಾನಗಿ, ಮತ್ತು ವರ್ಷವಿಡೀ ಅದು ಮಾಡುವ ಖರೀದಿ. ನಗರದ ಬಡವರ ಉದ್ಯೋಗಕ್ಕೆಂದು ಕೇಂದ್ರ ತಂದಿದ್ದ ಸ್ವರ್ಣ ಜಯಂತಿ ಶಹರಿ ರೋಜಗಾರ್ ಯೋಜನೆಯ ಕೊನೆಯ ವರ್ಷಗಳಿಂದ, 2013ರಲ್ಲಿ ಅದರ ಜಾಗಕ್ಕೆ ಬಂದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ (ನಮ್ಮ ಬಾಯಲ್ಲಿ ನಲ್ಮ್) ಕಾಲದುದ್ದಕ್ಕೂ ಕೆಲಸ ಮಾಡಿದ ಮೇಲೆ ನನಗೆ ಗಟ್ಟಿಯಾಗಿ ಅನಿಸಿದ್ದು ಇಷ್ಟು: ಈ ಮೂರನ್ನು ಸರಿಯಾಗಿ ಬಳಸಿದಲ್ಲಿ ಕೆಲಸ ಹುಟ್ಟಿತು, ಹುಟ್ಟಿದ್ದು ಉಳಿಯಿತು. ಉಳಿದ ಕಡೆ ನಮಗೆ ಸಿಕ್ಕಿದ್ದು ಸಮಾರಂಭದ ಫೋಟೊ.

ದಾವಣಗೆರೆಯಲ್ಲಿ ಈ ಪ್ರಶ್ನೆಗೆ ಹಳೆಯ ಬೇರು ಇದೆ. ಹತ್ತಿ ಮಿಲ್ಲುಗಳ ಕಾಲದಲ್ಲಿ ‘ಕರ್ನಾಟಕದ ಮ್ಯಾಂಚೆಸ್ಟರ್’ ಎನಿಸಿಕೊಂಡಿದ್ದ ಊರು. ಕಾರ್ಮಿಕ ಚಳವಳಿಯ ಪಂಪಾಪತಿಯವರನ್ನು ವಿಧಾನಸಭೆಗೆ ಕಳಿಸುವಷ್ಟು ಬಲ ಆ ಮಿಲ್ಲುಗಳ ಕೇರಿಗಳಿಗಿತ್ತು. ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿದವು. ಪಕ್ಕದ ಹರಿಹರದಲ್ಲಿ ಕಿರ್ಲೋಸ್ಕರ್ ಕಾರ್ಖಾನೆಯೂ ನಿಂತಿತು. ಅಲ್ಲಿ ಕೆಲಸ ಮಾಡಿದವರ ಮಕ್ಕಳೂ ಮೊಮ್ಮಕ್ಕಳೂ ಎಲ್ಲಿ ಹೋದರು ಎಂದು ಹುಡುಕಿದರೆ, ಬಹಳಷ್ಟು ಮಂದಿ ತಳ್ಳುಗಾಡಿಯ ಹಿಂದೆ, ಆಟೊದ ಸ್ಟಿಯರಿಂಗ್ ಹಿಡಿದು, ಇಲ್ಲವೇ ಹೋಟೆಲಿನ ಕಾವಲಿಯ ಮುಂದೆ ಸಿಗುತ್ತಾರೆ. ಹಾಗಾಗಿ ನಾನು ಆರಂಭಿಸಿದ್ದು ತಳ್ಳುಗಾಡಿಗಳಿಂದ.

ಬೀದಿ ಬದಿ ವ್ಯಾಪಾರಿಗಳ ಕಾಯ್ದೆ 2014ರಲ್ಲಿ ಬಂತು. ಸಮೀಕ್ಷೆ ಮಾಡಿ, ಗುರುತಿನ ಚೀಟಿ ಮತ್ತು ವ್ಯಾಪಾರ ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ ಎಂದು ಅದರಲ್ಲಿದೆ. ಅಂದರೆ ಸಮೀಕ್ಷೆಯ ಪಟ್ಟಿಯಲ್ಲಿ ಹೆಸರು ಬರುವುದೇ ಅರ್ಧ ಕೆಲಸ. ಆದರೆ ಸಮೀಕ್ಷೆಯನ್ನು ಕಚೇರಿ ಸಮಯದಲ್ಲಿ ಮಾಡಿದರೆ ಊರಿನ ಅರ್ಧ ವ್ಯಾಪಾರ ಕಣ್ಣಿಗೇ ಬೀಳುವುದಿಲ್ಲ. ಕೆ.ಆರ್. ಮಾರುಕಟ್ಟೆಯ ಸೊಪ್ಪಿನವರು ನಸುಕಿನಲ್ಲಿ ಬಂದು ಒಂಬತ್ತಕ್ಕೆ ಬುಟ್ಟಿ ಮಗುಚಿ ಮನೆಗೆ ಹೋಗಿರುತ್ತಾರೆ. ಮಂಡಕ್ಕಿ–ಮೆಣಸಿನಕಾಯಿ ಗಾಡಿಗಳು ಎಣ್ಣೆ ಕಾಯಿಸುವುದೇ ಸಂಜೆ ನಾಲ್ಕರ ಮೇಲೆ. ನಾವು ಒಂದೇ ರಸ್ತೆಗೆ ಮೂರು ಹೊತ್ತು ಹೋಗುವ ಪದ್ಧತಿ ಮಾಡಿಕೊಂಡೆವು: ನಸುಕಿಗೆ, ನಡುಹಗಲಿಗೆ, ದೀಪ ಹಚ್ಚಿದ ಮೇಲೆ. ಗಡಿಯಾರ ಕಂಬದ ಸುತ್ತ ಒಂದೇ ಜಾಗದಲ್ಲಿ ಬೆಳಿಗ್ಗೆ ಒಬ್ಬರು, ಸಂಜೆ ಇನ್ನೊಬ್ಬರು ವ್ಯಾಪಾರ ಮಾಡುತ್ತಾರೆ ಎಂಬುದು ಕಾಗದಕ್ಕೆ ಬಂದದ್ದು ಹಾಗೆ. ಇಬ್ಬರಿಗೂ ಚೀಟಿ ಸಿಗಬೇಕು. ಒಬ್ಬರಿಗೆ ಕೊಟ್ಟರೆ ಇನ್ನೊಬ್ಬರ ಅನ್ನ ಹೋಯಿತು.

ಚೀಟಿಯಿಂದ ಏನು ಬದಲಾಯಿತು ಎಂದು ಕೇಳುವವರಿಗೆ ನಾನು ಬಡ್ಡಿಯ ಲೆಕ್ಕ ಹೇಳುತ್ತೇನೆ. ಸೊಪ್ಪು ಮಾರುವ ಒಬ್ಬ ಅಜ್ಜಿ ಬೆಳಗಿನ ಜಾವ 900 ರೂಪಾಯಿ ಕೈಗಡ ಪಡೆದು, ಸಂಜೆ 1,000 ರೂಪಾಯಿ ಹಿಂದಿರುಗಿಸುತ್ತಿದ್ದರು. ತಿಂಗಳಿಗೆ 26 ದಿನದ ವ್ಯಾಪಾರ ಎಂದು ಹಿಡಿದರೂ ಬಡ್ಡಿಯೇ 2,600 ರೂಪಾಯಿ. ಅದೂ 900 ರೂಪಾಯಿ ಬಂಡವಾಳಕ್ಕೆ! "ಅಜ್ಜಿ, ಇಷ್ಟೊಂದು ಬಡ್ಡಿ ಏಕೆ ಕೊಡುತ್ತೀರಿ?" ಎಂದರೆ, "ಅವನು ಕಾಗದ ಕೇಳುವುದಿಲ್ಲ ತಾಯಿ" ಎಂದರು. 2020ರ ಜೂನ್‌ನಲ್ಲಿ ಬೀದಿ ವ್ಯಾಪಾರಿಗಳಿಗೆ ಬ್ಯಾಂಕ್ ಸಾಲ ಕೊಡಿಸುವ ಕೇಂದ್ರದ ಯೋಜನೆ ಪಿಎಂ ಸ್ವನಿಧಿ ಬಂದಾಗ ಅದರ ಮೊದಲ ಕಂತಿನ 10,000 ರೂಪಾಯಿಯನ್ನು ನಾನು ಸಾಲ ಎಂದು ನೋಡಲಿಲ್ಲ, ಈ ದಿನಬಡ್ಡಿಯಿಂದ ಬಿಡುಗಡೆ ಎಂದು ನೋಡಿದೆ. ಸರಿಯಾಗಿ ತೀರಿಸಿದವರಿಗೆ 20,000, ಆಮೇಲೆ 50,000. ಬಡ್ಡಿಗೆ ವರ್ಷಕ್ಕೆ ಶೇ 7ರ ದರದಲ್ಲಿ ಸಹಾಯಧನ. 2025ರಲ್ಲಿ ಮೊದಲೆರಡು ಕಂತುಗಳನ್ನು 15,000 ಮತ್ತು 25,000ಕ್ಕೆ ಏರಿಸಿದರು. ಸಮೀಕ್ಷೆಯಲ್ಲಿ ಬಿಟ್ಟುಹೋದವರಿಗೆ ಪಾಲಿಕೆಯ ಶಿಫಾರಸು ಪತ್ರ ಸಾಕು ಎಂಬ ನಿಯಮವಿತ್ತಲ್ಲ, ನನ್ನ ಮಟ್ಟಿಗೆ ಇಡೀ ಯೋಜನೆಯ ಜೀವ ಇದ್ದದ್ದು ಅಲ್ಲಿ.

ಹೇಳುವಾಗ ಸುಲಭ. ಅರ್ಜಿ ಹಾಕಲು ಕುಳಿತರೆ ಮೊದಲ ತಡೆ ಒಟಿಪಿ. ಆಧಾರ್‌ಗೆ ಕೊಟ್ಟ ನಂಬರು ಮಗನದು, ಮಗ ಬೆಂಗಳೂರಿನಲ್ಲಿ, ಅವನ ಫೋನು ಸ್ವಿಚ್ ಆಫ್. ಆದ್ದರಿಂದ ಶಿಬಿರ ಇಡುವ ಮುನ್ನ ಆಧಾರ್ ಕೇಂದ್ರದವರನ್ನೇ ಕರೆತಂದು ನಂಬರು ಬದಲಿಸುವ ಮೇಜು ಹಾಕಿಸಲಾರಂಭಿಸಿದೆವು. ಎರಡನೆಯ ತಡೆ ಬ್ಯಾಂಕು. ಒಂದು ಶಾಖೆಯಲ್ಲಿ ತಳ್ಳುಗಾಡಿಗೆ ಬಾಡಿಗೆ ಕರಾರು ಪತ್ರ ಕೇಳಿದರು. ಗಾಡಿ ನಿಲ್ಲುವುದು ರಸ್ತೆಯಲ್ಲಿ, ಕರಾರು ಯಾರ ಜೊತೆ ಮಾಡಿಕೊಳ್ಳಬೇಕು? ಜಗಳದಿಂದ ಪ್ರಯೋಜನವಿಲ್ಲ ಎಂದು ಆ ಹೊತ್ತಿಗೆ ನನಗೆ ಗೊತ್ತಿತ್ತು. ಗಿರಾಕಿಗಳು ಕಡಿಮೆ ಇರುವ ಮಧ್ಯಾಹ್ನ ನೋಡಿಕೊಂಡು, ಮೊದಲ ಕಂತು ತೀರಿಸಿದವರ ಪಾಸ್‌ಬುಕ್ಕುಗಳನ್ನು ಒಟ್ಟು ಮಾಡಿ ವ್ಯವಸ್ಥಾಪಕರ ಮುಂದೆ ಇಡುತ್ತಿದ್ದೆ. ಹಳೆಯವರ ಮರುಪಾವತಿ ಕಣ್ಣಾರೆ ಕಂಡ ಮೇಲೆ ಹೊಸಬರ ಅರ್ಜಿ ಸಲೀಸಾಗಿ ಸಾಗುತ್ತಿತ್ತು. ಯಾವ ಸುತ್ತೋಲೆಯೂ ಮಾಡದ ಕೆಲಸವನ್ನು ಆ ಪಾಸ್‌ಬುಕ್ಕುಗಳು ಮಾಡಿದವು.

ಕಾಯ್ದೆಯ ಇನ್ನೊಂದು ಭಾಗವನ್ನು ನಾನು ಕನ್ನಡದಲ್ಲಿ ದಪ್ಪಕ್ಷರದಲ್ಲಿ ಮುದ್ರಿಸಿ ಗಾಡಿಯವರಿಗೆ ಹಂಚಿದೆ: ಸರಕು ಜಪ್ತಿಯಾದರೆ, ಶುಲ್ಕ ಕಟ್ಟಿದವರಿಗೆ ಹಾಳಾಗುವ ಮಾಲನ್ನು ಅದೇ ದಿನ, ಉಳಿದದ್ದನ್ನು ಎರಡು ಕೆಲಸದ ದಿನಗಳೊಳಗೆ ಹಿಂದಿರುಗಿಸಬೇಕು. ಬೀದಿ ವ್ಯಾಪಾರದ ವಿಷಯಗಳನ್ನು ನೋಡಿಕೊಳ್ಳುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ 40ರಷ್ಟು ಸದಸ್ಯರು ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಪಾಲು ಮಹಿಳೆಯರು. ಮೊದಮೊದಲು ಆ ಮಹಿಳೆಯರು ಸಭೆಯಲ್ಲಿ ಸೆರಗು ಹೊದ್ದು ಸುಮ್ಮನೆ ಕೂರುತ್ತಿದ್ದರು. ಸಭೆಗೆ ಮುಂಚೆ ನಮ್ಮ ಕೋಣೆಯಲ್ಲಿ ಚಹಾ ಕುಡಿಯುತ್ತಾ ವಿಷಯಪಟ್ಟಿ ಓದಿಕೊಳ್ಳುವ ರೂಢಿ ಮಾಡಿದ ಮೇಲೆ ಮಾತು ಬಂತು. ಮೊದಲು ಕೇಳಿದ್ದು ಶೌಚಾಲಯ. ವ್ಯಾಪಾರ ವಲಯ ಗುರುತಿಸುವಾಗ ನಮ್ಮಲ್ಲಿ ಯಾರಿಗೂ ಅದು ಹೊಳೆದಿರಲಿಲ್ಲ.

ಈ ಎಲ್ಲದರಿಂದ ಎಷ್ಟು ಉದ್ಯೋಗ ‘ಸೃಷ್ಟಿ’ಯಾಯಿತು ಎಂದು ಮೇಲಿನವರು ಕೇಳಿದಾಗ ನನಗೆ ಕಷ್ಟವಾಗುತ್ತಿತ್ತು. ಉದ್ಯೋಗ ಮೇಳ ಮಾಡಿದರೆ ಬರೆಯಲು ಸಂಖ್ಯೆ ಸಿಗುತ್ತದೆ. ಇದ್ದ ಕೆಲಸ ಉಳಿಯಿತು ಎಂಬುದಕ್ಕೆ ಯಾವ ನಮೂನೆಯಲ್ಲೂ ಕಾಲಂ ಇಲ್ಲ.

ಇನ್ನು ಹೊಲಿಗೆ ಯಂತ್ರದ ವಿಷಯ. ಕರ್ನಾಟಕದ ಪ್ರತಿ ನಗರ ಸ್ಥಳೀಯ ಸಂಸ್ಥೆಯೂ ತನ್ನ ನಿಧಿಯಲ್ಲಿ ಶೇ 24.10 ಭಾಗವನ್ನು ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಶೇ 7.25ನ್ನು ಇತರ ಬಡವರಿಗೆ, ಶೇ 5ನ್ನು ಅಂಗವಿಕಲರಿಗೆ ಮೀಸಲಿಡಬೇಕು. ಒಳ್ಳೆಯ ನಿಯಮ. ಆದರೆ ಹಣಕಾಸು ವರ್ಷದ ಕೊನೆಗೆ ಖರ್ಚಿನ ಒತ್ತಡ ಬಂದಾಗ ನಮ್ಮ ರಾಜ್ಯದ ಎಷ್ಟೋ ಊರುಗಳಲ್ಲಿ ಮೊದಲು ನೆನಪಾಗುವುದು ಹೊಲಿಗೆ ಯಂತ್ರ. ಫಲಾನುಭವಿಗಳ ಮನೆಗೆ ವರ್ಷದ ನಂತರ ಹೋದರೆ ಯಂತ್ರದ ಮೇಲೆ ಟಿ.ವಿ. ಇಟ್ಟಿರುತ್ತಾರೆ. ಅವರನ್ನು ದೂರಿ ಫಲವಿಲ್ಲ. ಒಂದೇ ಕೇರಿಯ ಹತ್ತು ಮನೆಗೆ ಹತ್ತು ಯಂತ್ರ ಕೊಟ್ಟರೆ ಯಾರ ರವಿಕೆಯನ್ನು ಯಾರು ಹೊಲಿಯಬೇಕು?

ಆದ್ದರಿಂದ ನಾನು ಯಂತ್ರ ಬಿಟ್ಟು ಖರೀದಿಯ ಹಿಂದೆ ಬಿದ್ದೆ. ನಗರಾಡಳಿತ ಏನೇನು ಕೊಳ್ಳುತ್ತದೆ ಎಂದು ಲೆಕ್ಕ ಶಾಖೆಯ ವೋಚರುಗಳನ್ನು ತಿರುವಿದೆ. ಪೌರಕಾರ್ಮಿಕರ ಸಮವಸ್ತ್ರ, ಸಭೆಗಳ ಚಹಾ–ತಿಂಡಿ, ಪ್ಲಾಸ್ಟಿಕ್ ನಿಷೇಧದ ನಂತರ ಹಂಚುವ ಬಟ್ಟೆ ಚೀಲ, ಪೌರಕಾರ್ಮಿಕರಿಗೆ ಬೆಳಗಿನ ಉಪಾಹಾರ. ಇವುಗಳಲ್ಲಿ ನಮ್ಮ ಸ್ವಸಹಾಯ ಸಂಘಗಳ ಕೈಲಾಗದ್ದು ಯಾವುದೂ ಇರಲಿಲ್ಲ. ಕೈಲಾಗದ್ದು ಟೆಂಡರ್ ಷರತ್ತು: ಹಿಂದಿನ ವರ್ಷಗಳ ವಹಿವಾಟಿನ ಪ್ರಮಾಣಪತ್ರ, ಟೆಂಡರ್ ಹಾಕುವಾಗಲೇ ಇಡಬೇಕಾದ ಇಎಂಡಿ ಠೇವಣಿ. ಇಡೀ ನಗರಕ್ಕೆ ಒಂದೇ ಗುತ್ತಿಗೆ ಎಂದರೆ ಸಂಘದ ಹೆಂಗಸರು ಬಾಗಿಲಲ್ಲೇ ನಿಲ್ಲುತ್ತಾರೆ. ಪೌರಕಾರ್ಮಿಕರು ಹಾಜರಿ ಹಾಕುವ ಒಂದೊಂದು ಕೇಂದ್ರಕ್ಕೆ ಒಂದೊಂದು ಸಂಘ, ಸಣ್ಣ ಮೊತ್ತಕ್ಕೆ ಕಾನೂನು ಒಪ್ಪುವ, ಟೆಂಡರ್ ಇಲ್ಲದೆ ದರ ಕೇಳಿ ಕೊಳ್ಳುವ ದರಪಟ್ಟಿ ಪದ್ಧತಿ ಎಂದು ಟಿಪ್ಪಣಿ ಬರೆದು ಮಂಡಿಸಿದೆ. ಸಹಿಯಾಗಲು ಸಮಯ ಹಿಡಿಯಿತು, ಆದರೆ ಆಯಿತು.

ಉಪಾಹಾರದ ಮೊದಲ ತಂಡ ನಿಟುವಳ್ಳಿ ಕಡೆಯದು. ವರ್ಷಕ್ಕೆ 100 ರೂಪಾಯಿ ಶುಲ್ಕದ ಆಹಾರ ಸುರಕ್ಷತಾ ನೋಂದಣಿ ಮಾಡಿಸಿದೆವು. ನಸುಕಿಗೆ ಎದ್ದು ಉಪ್ಪಿಟ್ಟು, ಚಿತ್ರಾನ್ನ, ವಾರಕ್ಕೊಮ್ಮೆ ಒಗ್ಗರಣೆ ಮಂಡಕ್ಕಿ ಮಾಡಿ ಸ್ಟೀಲ್ ಡಬ್ಬಿಗೆ ತುಂಬಿ ಆಟೊದಲ್ಲಿ ತರುತ್ತಿದ್ದರು. ಮಂಡಕ್ಕಿಯ ದಿನ ತಡವಾದರೆ ಅದು ಮೆತ್ತಗಾಗಿ ಬೈಗುಳ ತಿನ್ನಬೇಕಾಗುತ್ತಿತ್ತು. ಹಾಗಾಗಿ ಒಗ್ಗರಣೆ ಬೇರೆ, ಮಂಡಕ್ಕಿ ಬೇರೆ ತಂದು ಅಲ್ಲಿಯೇ ಕಲಸುವ ಉಪಾಯ ಕಂಡುಕೊಂಡರು. ಅಡುಗೆ ಅವರಿಗೆ ಹೊಸದೇ? ಹೊಸದು ಬಿಲ್ಲು. ಸರ್ಕಾರಿ ಕಚೇರಿ ಎಂದ ಮೇಲೆ ಬಿಲ್ಲಿಗೆ ದೃಢೀಕರಣ ಬೇಕು, ಶಾಖೆಯ ಟಿಪ್ಪಣಿ ಬೇಕು, ಲೆಕ್ಕದವರ ಪರಿಶೀಲನೆ ಬೇಕು. ದೊಡ್ಡ ಗುತ್ತಿಗೆದಾರನಿಗೆ ಎರಡು ತಿಂಗಳು ತಡವಾದರೆ ಏನೂ ಆಗುವುದಿಲ್ಲ. ಈ ಹೆಂಗಸರಿಗೆ ಮೂರನೇ ವಾರಕ್ಕೇ, "ಅಕ್ಕಾ, ಅಂಗಡಿಯವರು ಇನ್ನು ಎಣ್ಣೆ ಉದ್ರಿ ಕೊಡುವುದಿಲ್ಲ ಎನ್ನುತ್ತಿದ್ದಾರೆ" ಎಂದು ಫೋನು ಬರುತ್ತಿತ್ತು.

ಸಣ್ಣವರಿಗೆ ಕೆಲಸ ಕೊಟ್ಟ ಎಷ್ಟೋ ಪ್ರಯತ್ನಗಳು ಸತ್ತಿರುವುದು ಇದೇ ಜಾಗದಲ್ಲಿ. ನಾವು ಎರಡು ಕೆಲಸ ಮಾಡಿದೆವು. ನಲ್ಮ್‌ನಲ್ಲಿ ಸಂಘಕ್ಕೆ ಸಿಗುತ್ತಿದ್ದ 10,000 ರೂಪಾಯಿ ಸುತ್ತುನಿಧಿಯನ್ನು (ಬಳಸಿ ಮತ್ತೆ ತುಂಬಿಕೊಳ್ಳುವ ಹಣ) ಯಾರಿಗೂ ಹಂಚದೆ ದಿನಸಿಗೆಂದೇ ಮೀಸಲಿಟ್ಟೆವು. ಬೆಳೆದ ಸಂಘಗಳಿಗೆ 10 ಲಕ್ಷದವರೆಗಿನ ಗುಂಪು ಸಾಲ ಕೊಡಿಸಿದೆವು. ಶೇ 7ಕ್ಕಿಂತ ಮೇಲಿನ ಬಡ್ಡಿಯನ್ನು ಸರ್ಕಾರ ಭರಿಸುತ್ತಿತ್ತು, ಹೊತ್ತಿಗೆ ಸರಿಯಾಗಿ ಕಟ್ಟಿದ ಮಹಿಳಾ ಸಂಘಗಳಿಗೆ ಇನ್ನೂ ಶೇ 3 ಕಡಿಮೆಯಾಗುತ್ತಿತ್ತು. ಜೊತೆಗೆ, ದಿನದ ತಟ್ಟೆಗಳ ಎಣಿಕೆಗೆ ಆರೋಗ್ಯ ನಿರೀಕ್ಷಕರು ಆ ದಿನವೇ ಸಹಿ ಹಾಕುವ ಪುಸ್ತಕ ಮಾಡಿಸಿದೆವು. ತಿಂಗಳ ಕೊನೆಗೆ ಸಹಿಗೆ ಅಲೆಯುವುದು ತಪ್ಪಿದ್ದೇ ದೊಡ್ಡ ಬದಲಾವಣೆ. ಉದ್ಯೋಗ ಸೃಷ್ಟಿಯ ಬಗ್ಗೆ ನನ್ನನ್ನು ಯಾರಾದರೂ ಭಾಷಣಕ್ಕೆ ಕರೆದರೆ ಆ ಪುಸ್ತಕವನ್ನೇ ತೋರಿಸಬೇಕು. ಇನ್ನೂ ಯಾರೂ ಕರೆದಿಲ್ಲ.

ತರಬೇತಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಡೇಟಾ ಎಂಟ್ರಿ ಕಲಿತ ಹುಡುಗರನ್ನು ದೂರದ ಕಾರ್ಖಾನೆಗೆ ಕಳಿಸಿ ‘ಉದ್ಯೋಗ ದೊರೆತಿದೆ’ ಎಂದು ಬರೆದ ಸಂಸ್ಥೆಗಳನ್ನು ಕಂಡಿದ್ದೇನೆ. ಬಾಡಿಗೆ, ಊಟ ಕಳೆದು ಏನೂ ಉಳಿಯದೆ ಆ ಹುಡುಗರು ಹಬ್ಬಕ್ಕೆಂದು ಊರಿಗೆ ಬಂದವರು ಹಿಂದಿರುಗಲಿಲ್ಲ. ದಾವಣಗೆರೆಯಲ್ಲಿ ಈಗ ಕೆಲಸ ಇರುವುದು ಆಸ್ಪತ್ರೆಗಳಲ್ಲಿ, ಕಾಲೇಜುಗಳ ಸುತ್ತಿನ ಹಾಸ್ಟೆಲುಗಳಲ್ಲಿ, ಮೆಕ್ಕೆಜೋಳದ ವಹಿವಾಟಿನಲ್ಲಿ, ಗ್ಯಾರೇಜುಗಳಲ್ಲಿ. ಆಸ್ಪತ್ರೆಗಳಿಗೆ ಹೋಗಿ ನಿಮಗೆ ಎಂಥವರು ಬೇಕು ಎಂದು ಮೊದಲೇ ಕೇಳಿಕೊಂಡು ನಡೆಸಿದ ರೋಗಿ ಶುಶ್ರೂಷಾ ಸಹಾಯಕರ ತಂಡದ ಹುಡುಗಿಯರು ಇಂದಿಗೂ ಅಲ್ಲಿಯೇ ಇದ್ದಾರೆ. ಸಂಬಳ ಹೆಚ್ಚೇನಲ್ಲ. ಆದರೆ ರಾತ್ರಿ ಮನೆಗೆ ಬರುತ್ತಾರೆ.

ಇವುಗಳಾಚೆ, ನಮ್ಮ ನಗರಗಳ ಕೂಲಿಯವರಿಗೆ ಕೆಲಸದ ಖಾತರಿ ಕೊಡುವ ಕಾನೂನಿನ ಆಸರೆಯೇ ಇಲ್ಲ. ಗ್ರಾಮೀಣ ಉದ್ಯೋಗ ಖಾತರಿ 2005ರ ಕಾಯ್ದೆಯೊಂದಿಗೆ ಹಳ್ಳಿಗೆ ಬಂತು. ನಗರದ ಎಲ್ಲೆಗೆ ಸೇರಿದ ಹಳ್ಳಿಯವರು ಜಾಬ್ ಕಾರ್ಡ್ ಕಳೆದುಕೊಳ್ಳುತ್ತಾರೆ, ಕಂದಾಯ ಏರುತ್ತದೆ. ಕೇರಳ 2010ರಲ್ಲಿಯೇ ಸಮಾಜ ಸುಧಾರಕ ಅಯ್ಯಂಕಾಳಿ ಹೆಸರಿನಲ್ಲಿ, ರಾಜಸ್ಥಾನ 2022ರಲ್ಲಿ ಇಂದಿರಾ ಗಾಂಧಿ ಹೆಸರಿನಲ್ಲಿ ನಗರ ಉದ್ಯೋಗ ಖಾತರಿ ತಂದವು. ನಮ್ಮಲ್ಲಿ 2024ರಿಂದ ಯುವನಿಧಿ ಇದೆ. ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ, ಎರಡು ವರ್ಷ. ಅದು ಕೆಲಸ ಹುಡುಕುವವರ ಬಸ್ ಖರ್ಚಿಗೆ. ಮಳೆಗಾಲದಲ್ಲಿ ಗಾರೆ ಕೆಲಸ ನಿಂತ ಕೂಲಿಯವನಿಗೆ ಅದರಲ್ಲಿ ಪಾಲಿಲ್ಲ. ರಾಜಕಾಲುವೆಯ ಹೂಳು, ಕೆರೆಯ ದಂಡೆ, ಉದ್ಯಾನದ ಕಳೆ ಎಂದು ನಗರದಲ್ಲಿ ಕೈಕೆಲಸ ಬೇಕಾದಷ್ಟಿದೆ. ನಮ್ಮ ರಾಜ್ಯವೂ ಈ ದಾರಿ ಹಿಡಿಯಬೇಕು ಎಂಬುದು ನನ್ನ ಅಭಿಪ್ರಾಯ.

ಸದ್ಯಕ್ಕೆ ನನ್ನ ಮೇಜಿನ ಮೇಲಿರುವುದು ಮಂಡಕ್ಕಿ ಭಟ್ಟಿಗಳ ಕಡತ. ಆಜಾದ್ ನಗರ, ಬಾಷಾ ನಗರದ ಕಡೆಯ ಭಟ್ಟಿಗಳಲ್ಲಿ ಭತ್ತ ನೆನೆಸುವವರು, ಒಣಗಿಸುವವರು, ಕಾದ ಮರಳಿನಲ್ಲಿ ಹುರಿಯುವವರು, ಚೀಲ ತುಂಬುವವರು ಎಂದು ಇಡೀ ಮನೆಯೇ ದುಡಿಯುತ್ತದೆ. ಒಲೆಗೆ ಹಳೆಯ ಟೈರು ಹಾಕುತ್ತಾರೆಂಬ ದೂರು ಹಳೆಯದು. ಆ ಹೊಗೆ ಮೊದಲು ಹೋಗುವುದು ಹುರಿಯುವವನ ಎದೆಗೇ. ಭಟ್ಟಿ ಮುಚ್ಚಿಸಿ ಎನ್ನುವವರಿದ್ದಾರೆ, ಯಂತ್ರ ತನ್ನಿ ಎನ್ನುವವರಿದ್ದಾರೆ. ಯಂತ್ರ ಬಂದರೆ ಹೊಗೆಯ ಜೊತೆ ಹುರಿಯುವವನೂ ಹೋಗುತ್ತಾನೆ. ಟೈರು ಬಿಟ್ಟು ಭತ್ತದ ಹೊಟ್ಟಿಗೆ ಬದಲಾಗುವ ಭಟ್ಟಿಗೆ ಉದ್ದಿಮೆ ಪರವಾನಗಿ ಶುಲ್ಕದಲ್ಲಿ ರಿಯಾಯಿತಿ, ಎತ್ತರದ ಚಿಮಣಿಗೆ ಗುಂಪು ಸಾಲ, ಯಂತ್ರ ಹಾಕುವವರು ಈಗಿರುವ ಕೂಲಿಗಳಿಗೆ ಪ್ಯಾಕಿಂಗ್‌ನಲ್ಲಿ ಕೆಲಸ ಕೊಡಬೇಕೆಂಬ ಷರತ್ತು: ನನ್ನ ಟಿಪ್ಪಣಿಯಲ್ಲಿ ಇವಿಷ್ಟಿವೆ. ಮೂರನೆಯ ಷರತ್ತಿಗೆ ಮಾಲೀಕರು ಒಪ್ಪುವುದಿಲ್ಲ ಎಂದು ಈಗಾಗಲೇ ಹೇಳಿ ಕಳಿಸಿದ್ದಾರೆ. ಮುಂದಿನ ಸಭೆಗೆ ಹುರಿಯುವವರನ್ನೂ ಕರೆಯುತ್ತಿದ್ದೇನೆ, ಅದೂ ಮಧ್ಯಾಹ್ನ ಮೂರಕ್ಕೆ. ಬೆಳಿಗ್ಗೆ ಇಟ್ಟರೆ ಅವರು ಭಟ್ಟಿ ಬಿಟ್ಟು ಬರಲಾರರು.