ಹಲ್ಲಿನ ಫ್ಲೋರೋಸಿಸ್ ಅಧ್ಯಯನ: ಯಾವ ಮಕ್ಕಳನ್ನು ಸೇರಿಸಬೇಕು?

ಹಲ್ಲು ಕಟ್ಟುವ ವಯಸ್ಸಿನಲ್ಲಿ ನೀರಿನ ಮೂಲಕ ಫ್ಲೋರೈಡ್ ಎಂಬ ಲವಣಾಂಶ ಹೆಚ್ಚು ಹೊಟ್ಟೆ ಸೇರಿ ಹಲ್ಲಿನಲ್ಲಿ ಕಲೆ ಮೂಡುವುದೇ ಹಲ್ಲಿನ ಫ್ಲೋರೋಸಿಸ್. ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಮಕ್ಕಳ ಹಲ್ಲಿನಲ್ಲಿ ಕಾಣುವ ಕಲೆ ಇವತ್ತು ಕುಡಿದ ನೀರಿನದಲ್ಲ. ಬುದ್ಧಿಹಲ್ಲು ಬಿಟ್ಟರೆ ಉಳಿದ ಶಾಶ್ವತ ಹಲ್ಲುಗಳ ಎನಾಮೆಲ್ (ಹೊರಗಿನ ಗಟ್ಟಿ ಪದರ) ಸುಮಾರು 8 ವರ್ಷದೊಳಗೆ ಕಟ್ಟಿ ಮುಗಿಯುತ್ತದೆ. ಆಗ ಕುಡಿದ ನೀರಿನ ಗುರುತೇ ಉಳಿಯುವುದು. ಅರ್ಹತೆಯ ಪ್ರಶ್ನೆಗಳೆಲ್ಲ ಆ ಎಂಟು ವರ್ಷದ ಬಗ್ಗೆಯೇ ಇರಬೇಕು.

ವಯಸ್ಸು 12 ತುಂಬಿ 13 ತುಂಬದವರನ್ನು ತೆಗೆದುಕೊಳ್ಳಿ. ಶಾಲಾ ದಾಖಲೆಯಲ್ಲಿ ಹುಟ್ಟಿದ ದಿನ ಜೂನ್ 1 ಎಂದಿದ್ದರೆ ಅದು ಅಂದಾಜಿಗೆ ಬರೆದದ್ದಿರಬಹುದು, ಜನನ ಪ್ರಮಾಣಪತ್ರವನ್ನೋ ತಾಯಿ ಕಾರ್ಡನ್ನೋ ನೋಡಿ. ಎರಡು ದಾಖಲೆ ತಾಳೆಯಾಗದಿದ್ದರೆ ಯಾವುದು ಲೆಕ್ಕಕ್ಕೆ ಎಂದು ಮೊದಲೇ ಬರೆದಿಡಿ. ಇಲ್ಲದಿದ್ದರೆ ಒಬ್ಬೊಬ್ಬ ಕಾರ್ಯಕರ್ತರದು ಒಂದೊಂದು ನಿಯಮವಾಗುತ್ತದೆ.

‘ಇದೇ ಊರಿನವರಾ?’ ಎಂದು ಕೇಳಿದರೆ ಎಲ್ಲರೂ ಹೌದೆನ್ನುತ್ತಾರೆ. ಆದ್ದರಿಂದ ತಾಯಿಯನ್ನು ಹೀಗೆ ಕೇಳಿ: ಬಾಣಂತನ ಎಲ್ಲಾಯಿತಮ್ಮ, ತವರಿನಲ್ಲಿ ಎಷ್ಟು ತಿಂಗಳಿದ್ದಿರಿ, ಅಂಗನವಾಡಿ ಯಾವ ಊರಲ್ಲಿ, ಒಂದನೇ ಕ್ಲಾಸು ಎಲ್ಲಿ? ತಾಂಡಾದಿಂದ ಕಾಫಿ ತೋಟಕ್ಕೆ ಹೋಗಿಬರುವ ಮನೆಗಳು, ಕುರಿಹಿಂಡಿನ ಜೊತೆ ಊರೂರು ತಿರುಗುವವರು ಇಲ್ಲಿ ಸಿಕ್ಕಿಬೀಳುತ್ತಾರೆ. ‘ಒಟ್ಟು 6 ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ ಬೇಡ’ ಎಂಬಂಥ ಒಂದು ಗಡಿ ಇರಲಿ.

ನೀರನ್ನೂ ವರ್ಷವರ್ಷಕ್ಕೆ ಕೇಳಿ: ಕೊಳವೆಬಾವಿಯೋ, ವಾಣಿವಿಲಾಸ ಸಾಗರದಿಂದ ಬರುವ ನಲ್ಲಿಯೋ, ಶುದ್ಧ ನೀರಿನ ಘಟಕದ ಕ್ಯಾನೋ? ಘಟಕ ಶುರುವಾದ ವರ್ಷವನ್ನು ಪಂಚಾಯಿತಿಯಲ್ಲಿ ಖಚಿತಪಡಿಸಿಕೊಳ್ಳಿ. ಕುಡಿಯಲು ಕ್ಯಾನು, ಮುದ್ದೆಗೂ ಸಾರಿಗೂ ಕೊಳವೆಬಾವಿ ಎನ್ನುವ ಮನೆ ಬಹಳ. ಅಡುಗೆ ನೀರಿನಿಂದಲೂ ಫ್ಲೋರೈಡ್ ಹೊಟ್ಟೆ ಸೇರುತ್ತದೆ, ಅದನ್ನು ಬೇರೆಯಾಗಿ ಬರೆದುಕೊಳ್ಳಿ. ನೀರಿನ ಮಾದರಿಗೆ ಪ್ಲಾಸ್ಟಿಕ್ ಬಾಟಲಿಯೇ ಬೇಕು, ಫ್ಲೋರೈಡ್ ಗಾಜಿನೊಂದಿಗೆ ವರ್ತಿಸುತ್ತದೆ.

ಅಧ್ಯಯನವನ್ನೇ ಕೆಡಿಸುವ ತಪ್ಪು ಬೇರೆ ಇದೆ. ‘ಇವನ ಹಲ್ಲು ನೋಡಿ ಸಾರ್’ ಎಂದು ಶಿಕ್ಷಕರು ಕಲೆ ಇರುವವರನ್ನೇ ಮುಂದೆ ಕರೆತರುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ. ಆದರೆ ಹಾಗೆ ಸೇರಿಸಿದರೆ ಊರಿನ ತೊಂದರೆ ಇದ್ದುದಕ್ಕಿಂತ ಹೆಚ್ಚು ಕಾಣುತ್ತದೆ. ಆ ವಯಸ್ಸಿನ ಎಲ್ಲ ಮಕ್ಕಳ ಪಟ್ಟಿ ಮಾಡಿ, ಶಾಲೆ ಬಿಟ್ಟವರನ್ನೂ ಸೇರಿಸಿ, ಅರ್ಹತೆ ತೀರ್ಮಾನವಾಗುವವರೆಗೆ ಬಾಯಿ ತೆರೆಸಬೇಡಿ. ಆಮೇಲೆ ಹಲ್ಲು ನೋಡುವವರಿಗೂ ನೀರಿನ ಫಲಿತಾಂಶ ತಿಳಿದಿರಬಾರದು. ಮುಂದಿನ ಹಲ್ಲು ಮುರಿದವರು, ತಂತಿ ಹಾಕಿಸಿಕೊಂಡವರು ಬೇಡ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯಂತೆ ಈ ವಯಸ್ಸಿನ ಮಗುವಿನ ಲಿಖಿತ ಸಮ್ಮತಿ ಬೇಕು, ಪೋಷಕರ ಒಪ್ಪಿಗೆಯೂ ಬೇಕು. ಹೆಡ್‌ಮಾಸ್ಟರ ಸಹಿ ಇವೆರಡರ ಬದಲಿಗೆ ಸಲ್ಲದು. ಹೆಬ್ಬೆಟ್ಟು ಒತ್ತುವವರಿದ್ದರೆ ತಂಡಕ್ಕೆ ಸೇರದ ಸಾಕ್ಷಿಯೊಬ್ಬರು ಇರಲಿ.

ಕೈಬಿಟ್ಟ ಪ್ರತಿ ಮಗುವಿಗೂ ರಿಜಿಸ್ಟರಿನಲ್ಲಿ ಕ್ರಮಸಂಖ್ಯೆ, ಕಾರಣ ದಾಖಲಾಗಲಿ. ಆ ಮನೆಯ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಿದ್ದು ಗೊತ್ತಾದರೆ, ಅಧ್ಯಯನಕ್ಕೆ ಸೇರದಿದ್ದರೂ ಅವರಿಗೆ ತಿಳಿಸಿಯೇ ಬರಬೇಕು.