ಕೊನೆಯ ಪುಟ ತಿರುಗಿಸುವ ಮೊದಲೇ ಬರೆದಿಟ್ಟ ಪ್ರತಿಕ್ರಿಯೆ: ನನ್ನ ಅನುಭವ

ಓದಿನ ಮಧ್ಯೆ ನಿಲ್ಲಿಸಿ ಬರೆದರೆ ಕಥೆಯ ಬಿಗಿ ಹೋಗುತ್ತದೆ, ಪತ್ತೇದಾರಿ ಕಾದಂಬರಿಗಂತೂ ಆ ಕ್ರಮ ಹೊಂದುವುದೇ ಇಲ್ಲ, ಪೂರ್ತಿ ಓದಿ ಮುಗಿಸಿ ಆಮೇಲೆ ಬರೆ: ನನಗೆ ಹೀಗೆ ಹೇಳದವರು ಕಡಿಮೆ. ಆದರೂ ನಿಲ್ಲಿಸಿ ಬರೆಯುವುದನ್ನೇ ಹಿಡಿದೆ, ಈಗ ಅದು ಕೈಗೆ ಕೂತಿದೆ. ಡಿಸ್ಟೋಪಿಯನ್ ಕಾದಂಬರಿಯಾಗಲಿ (ದಬ್ಬಾಳಿಕೆಯ ಕಲ್ಪಿತ ಲೋಕದ ಕಥೆ) ಪತ್ತೇದಾರಿಯಾಗಲಿ, ಓದಿದ್ದಕ್ಕೆ ನನ್ನದೇ ಪ್ರತಿಕ್ರಿಯೆ ಬರೆದುಕೊಡು ಎಂದರೆ ಒಂದು ಸಂಜೆ ಸಾಕು. ಆ ಬರಹವನ್ನು ಇನ್ನೊಬ್ಬರ ವಿಮರ್ಶೆಯಿಂದ ಎತ್ತಿದ್ದು ಎಂದು ಯಾರೂ ಹೇಳಲಾರರು. ಬೇಡವೆಂದವರಲ್ಲೇ ಕೆಲವರು ಈಗ ನನ್ನ ಹಾಗೇ ನೋಟ್‌ಬುಕ್ಕಿನಲ್ಲಿ ಅಂಕದ ಕಾಲಂಗಳನ್ನು ಎಳೆದುಕೊಂಡು ಓದುತ್ತಿದ್ದಾರೆ.

ಮುಗಿಸಿದ ಮೇಲೆ ಬರೆದರೆ ಏನಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಕೊಲೆಗಾರ ಯಾರೆಂದು ತಿಳಿದ ಕ್ಷಣವೇ ಮನಸ್ಸು ಹಿಂದಿನದನ್ನೆಲ್ಲ ತಿದ್ದಿಕೊಳ್ಳುತ್ತದೆ. ಮೂರನೇ ಅಧ್ಯಾಯದಲ್ಲಿ ಪೂರಾ ನಂಬಿದ್ದ ಪಾತ್ರದ ಬಗ್ಗೆಯೂ "ಮೊದಲಿನಿಂದಲೂ ಅನುಮಾನವಿತ್ತು" ಎಂದು ಬರೆದುಬಿಡುತ್ತೇವೆ, ಅದೂ ಪ್ರಾಮಾಣಿಕವಾಗಿ. ಡಿಸ್ಟೋಪಿಯಾದಲ್ಲಿ ಆಗುವ ನಷ್ಟ ಬೇರೆ. ಕೊನೆಯ ಅಧ್ಯಾಯದ ಭಾರ ಉಳಿದ ಎಲ್ಲದರ ಮೇಲೆ ಕೂತು, "ಭಯಾನಕ", "ಮನ ಕಲಕಿತು" ಎಂಬ ಎರಡು ಮಾತು ಬಿಟ್ಟು ಇನ್ನೇನೂ ಉಳಿಯುವುದಿಲ್ಲ.

ಕೈಕೊಟ್ಟ ಸಾಧನಗಳ ಪಟ್ಟಿ ದೊಡ್ಡದೇ ಇದೆ. ಬಣ್ಣದ ಸ್ಟಿಕಿ ನೋಟ್‌ಗಳಿಗೆ ಹಾಕಿದ ದುಡ್ಡು ದಂಡ. ಯಾವ ಬಣ್ಣಕ್ಕೆ ಯಾವ ಅರ್ಥ ಎಂದು ಯೋಚಿಸುವಷ್ಟರಲ್ಲಿ ಅನಿಸಿದ್ದು ಹೋಗಿರುತ್ತದೆ. ಚೀಟಿಯ ಅಂಟು ಒಣಗಿ ಬಿದ್ದರೆ ಅದು ಯಾವ ಪುಟದ್ದೆಂದೇ ತಿಳಿಯುವುದಿಲ್ಲ. ಹೈಲೈಟರ್ ಲೇಖಕರ ವಾಕ್ಯವನ್ನು ಎತ್ತಿ ತೋರಿಸುತ್ತದೆ, ಅದನ್ನು ಓದುವಾಗ ನನಗೆ ಏನಾಯಿತು ಎಂಬುದನ್ನು ತೋರಿಸುವುದಿಲ್ಲ. ಮೊಬೈಲಿನಲ್ಲಿ ಬರೆಯಲು ಹೋದರೆ ಪುಸ್ತಕಕ್ಕೆ ಮರಳುವುದೇ ಒಂದು ಸಾಹಸ. ದನಿ ಮುದ್ರಿಸಿಕೊಳ್ಳುವುದು ಸುಲಭವೆನಿಸಿತ್ತು, ಆದರೆ ಹತ್ತು ನಿಮಿಷದ ಮಾತನ್ನು ಅಕ್ಷರಕ್ಕಿಳಿಸಲು ಮುಕ್ಕಾಲು ಗಂಟೆ ಹೋಗುತ್ತದೆ. ಆಡಿಯೋ ಪುಸ್ತಕ ಕೇಳುವವರಿಗೆ ಮಾತ್ರ ಅದು ಪರವಾಗಿಲ್ಲ. ಪುಟದ ಬದಲು ಅಧ್ಯಾಯ ಮತ್ತು ನಿಮಿಷ ಹೇಳಿಕೊಂಡರೆ ಸಾಕು.

ಉಳಿದದ್ದು ಮೂರೇ ವಸ್ತು: ಗೆರೆ ಇರುವ ಇನ್ನೂರು ಪುಟದ ನೋಟ್‌ಬುಕ್, ಒಂದು ಪೆನ್ಸಿಲ್, ಪುಟದಷ್ಟೇ ಉದ್ದ ಮತ್ತು ಎರಡು ಬೆರಳಗಲದ ಕಾಗದದ ಪಟ್ಟಿ. ಈ ಪಟ್ಟಿಯೇ ಇಡೀ ವಿಧಾನದ ಜೀವಾಳ. ಓದುವ ಜಾಗಕ್ಕೆ ಗುರುತಾಗಿಯೂ ಅದೇ ಇರುತ್ತದೆ. ಏನಾದರೂ ಚುಚ್ಚಿದ ಕೂಡಲೇ ಅದರ ಮೇಲೆ ಪುಟಸಂಖ್ಯೆ ಮತ್ತು ಎರಡು ಮೂರು ಪದ, ಅಷ್ಟೇ: "47, ನಕ್ಕದ್ದು ಯಾಕೆ", "112, ಮೈ ಜುಂ". ಹತ್ತು ಸೆಕೆಂಡಿಗಿಂತ ಹೆಚ್ಚು ಕಣ್ಣು ಪುಟ ಬಿಡಬಾರದು. ಓದು ನಿಲ್ಲಿಸಿ ಬರೆಯುವ ಜಾಗಕ್ಕೆ ನಾನು ನಿಲ್ದಾಣ ಎನ್ನುತ್ತೇನೆ. ಅದು ಬಂದಾಗ ಪಟ್ಟಿಯಲ್ಲಿರುವುದನ್ನು ನೋಟ್‌ಬುಕ್ಕಿಗೆ ಇಳಿಸಿ, ಒಂದೊಂದಕ್ಕೂ ಒಂದು ಪೂರ್ಣ ವಾಕ್ಯ ಬರೆಯುತ್ತೇನೆ. ಐದರಿಂದ ಎಂಟು ನಿಮಿಷದ ಕೆಲಸ. ಕಥೆಯ ಬಿಗಿ ಹೋಗುತ್ತದೆ ಎಂದವರಿಗೆ ನನ್ನ ಉತ್ತರ ಇದೇ: ಹೋಗುವುದು ಅಧ್ಯಾಯದ ನಡುವೆ ಉದ್ದುದ್ದ ಬರೆದರೆ, ಪಟ್ಟಿಯ ಮೇಲೆ ಎರಡು ಪದ ಗೀಚಿದರೆ ಅಲ್ಲ.

ಪತ್ತೇದಾರಿಗೆ ನಿಲ್ದಾಣ ಎಲ್ಲಿರಬೇಕು ಎಂಬುದು ಮುಖ್ಯ. ಶವ ಸಿಕ್ಕಿ, ಮನೆಯಲ್ಲಿದ್ದವರೆಲ್ಲರ ಪರಿಚಯವಾದ ಮೇಲೆ ಮೊದಲನೆಯದು. ಸಾಮಾನ್ಯವಾಗಿ ಪುಸ್ತಕದ ಐದನೇ ಒಂದು ಭಾಗದ ಹೊತ್ತಿಗೆ. ಆಮೇಲೆ ಪ್ರತಿ ದೊಡ್ಡ ವಿಚಾರಣೆಯ ಕೊನೆಗೆ ಒಂದೊಂದು. ಒಟ್ಟು ನಾಲ್ಕು ಐದಕ್ಕಿಂತ ಹೆಚ್ಚು ಬೇಡ. ಕೆಲವು ಲೇಖಕರು ಈ ಕೆಲಸವನ್ನು ತಾವೇ ಮಾಡಿಕೊಟ್ಟಿದ್ದಾರೆ. ಎಲ್ಲರಿ ಕ್ವೀನ್ ಹೆಸರಿನಲ್ಲಿ 1929ರಿಂದ ಬಂದ ಮೊದಮೊದಲ ಕಾದಂಬರಿಗಳಲ್ಲಿ, ಸುಳಿವುಗಳೆಲ್ಲ ನಿಮ್ಮ ಮುಂದಿವೆ, ಈಗ ನೀವೇ ಬಿಡಿಸಿ ಎಂದು ಓದುಗರಿಗೆ ಸವಾಲು ಹಾಕುವ ಪುಟವೇ ಇದೆ. 1868ರ 'ದಿ ಮೂನ್‌ಸ್ಟೋನ್' ಕಾದಂಬರಿಯಲ್ಲಿ ನಿರೂಪಕರು ಬದಲಾಗುತ್ತ ಹೋಗುತ್ತಾರೆ. ಅಲ್ಲಿ ಪ್ರತಿ ಬದಲಾವಣೆಯೂ ಒಂದು ನಿಲ್ದಾಣ.

ನಿಲ್ದಾಣದಲ್ಲಿ ನೂರು ಅಂಕಗಳನ್ನು ಶಂಕಿತರಿಗೆ ಹಂಚುತ್ತೇನೆ. ಒಬ್ಬೊಬ್ಬರ ಎದುರು ಅಂಕ, ಅದರ ಪಕ್ಕ ಒಂದು ಸಾಲಿನ ಕಾರಣ. ಹತ್ತು ಅಂಕ ಯಾವಾಗಲೂ "ಇನ್ನೂ ಹೆಸರು ಬಂದಿಲ್ಲ ಅಥವಾ ಇದು ಕೊಲೆಯೇ ಅಲ್ಲ" ಎಂಬ ಸಾಲಿಗೆ ಮೀಸಲು. ಒಮ್ಮೆ ಹಾಕಿದ ಅಂಕವನ್ನು ಅಳಿಸುವಂತಿಲ್ಲ. ಮುಂದಿನ ನಿಲ್ದಾಣದಲ್ಲಿ ಹೊಸ ಕಾಲಂ. ಅರ್ಧ ಪುಸ್ತಕ ಮುಗಿಯುವವರೆಗೆ ಯಾರಿಗೂ ನಲವತ್ತಕ್ಕಿಂತ ಹೆಚ್ಚು ಕೊಡಬಾರದು. ಇದು ಬಹಳ ಮುಖ್ಯ. ಆರಂಭದಲ್ಲೇ ಒಬ್ಬರಿಗೆ ಅರವತ್ತು ಎಪ್ಪತ್ತು ಕೊಟ್ಟರೆ, ಆಮೇಲಿನ ಓದೆಲ್ಲ ಆ ಅಂಕವನ್ನು ಕಾಯುವುದರಲ್ಲೇ ಕಳೆಯುತ್ತದೆ, ಬೇರೆ ಸುಳಿವು ಕಣ್ಣಿಗೇ ಬೀಳುವುದಿಲ್ಲ.

ಕಾರಣದ ಪಕ್ಕದಲ್ಲಿ ಇನ್ನೊಂದು ಅಕ್ಷರ ಬೇಕು: "ಒ" ಅಥವಾ "ಹೊ". ಕಥೆಯೊಳಗಿನ ಸುಳಿವಿನಿಂದ ಹುಟ್ಟಿದ ಅನುಮಾನವಾದರೆ "ಒ". ಈ ಬಗೆಯ ಕಾದಂಬರಿ ಹೇಗೆ ನಡೆಯುತ್ತದೆ ಎಂಬ ಹೊರಗಿನ ತಿಳಿವಳಿಕೆಯಿಂದ ಬಂದದ್ದಾದರೆ "ಹೊ". ಪತ್ತೇದಾರಿ ಲೇಖಕ ರೊನಾಲ್ಡ್ ನಾಕ್ಸ್ ಇಂಥ ಕಥೆಗಳಿಗೆಂದು 1929ರಲ್ಲಿ ಬರೆದ ಹತ್ತು ನಿಯಮಗಳಲ್ಲಿ ಮೊದಲನೆಯದೇ, ಅಪರಾಧಿಯ ಪ್ರಸ್ತಾಪ ಕಥೆಯ ಆರಂಭದ ಭಾಗದಲ್ಲೇ ಬಂದಿರಬೇಕು ಎನ್ನುವುದು. ಅದು ಗೊತ್ತಿದ್ದವರು ತಡವಾಗಿ ಬಂದ ಪಾತ್ರವನ್ನು ತಂತಾನೇ ಬಿಟ್ಟುಬಿಡುತ್ತಾರೆ, ಅದು ಬುದ್ಧಿವಂತಿಕೆಯ ಓದಲ್ಲ. ತುಂಬಾ ಒಳ್ಳೆಯವರು, ಆದ್ದರಿಂದ ಅವರೇ ಇರಬೇಕು ಎಂಬುದೂ "ಹೊ". ನನ್ನ ಹಳೆಯ ನೋಟ್‌ಬುಕ್ ತಿರುವಿದರೆ, ಸರಿಯಾಗಿ ಹೇಳಿದ ಉತ್ತರಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು "ಹೊ" ಲೆಕ್ಕದವು. ಪ್ರತಿಕ್ರಿಯೆ ಬರೆಯುವಾಗ ಅವುಗಳಿಗೆ ನಾನು ಬೆಲೆ ಕೊಡುವುದಿಲ್ಲ.

ಹೊಸ ಸುಳಿವು ಯಾವುದೂ ಕಣ್ಣಿಗೆ ಬೀಳದೆ ಅಂಕ ಮಾತ್ರ ಜಿಗಿದಿದ್ದರೆ ಅದನ್ನು ಸುತ್ತು ಹಾಕಿಡಬೇಕು. ಬಹುಮಟ್ಟಿಗೆ ಅಲ್ಲಿ ಲೇಖಕರು ಸುಳಿವನ್ನು ವಸ್ತುಗಳ ಪಟ್ಟಿಯೊಂದರ ನಡುವೆಯೋ ಜಗಳದ ನಡುವೆಯೋ ಹೂತಿರುತ್ತಾರೆ, ಇಲ್ಲವೇ ಇನ್ನೊಂದು ಪಾತ್ರದ ಬಾಯಲ್ಲಿ ಅನುಮಾನ ಆಡಿಸಿ ನಮ್ಮನ್ನು ತಿರುಗಿಸಿರುತ್ತಾರೆ. ಬರೆಯಲು ಅತ್ಯಂತ ಸಮೃದ್ಧವಾದ ಜಾಗ ಅದು.

ಇಲ್ಲಿಂದ ಒಂದು ಪಕ್ಕದ ಪ್ರಯೋಗಕ್ಕೆ ಇಳಿದೆ. ಬಲಗೈಯಲ್ಲಿ ಉಳಿದಿರುವ ಪುಟಗಳ ದಪ್ಪವೂ ಒಂದು ಸುಳಿವೇ. ಅರ್ಧಕ್ಕೇ ಒಬ್ಬರು ತಪ್ಪೊಪ್ಪಿಕೊಂಡರೆ ಯಾರೂ ನಂಬುವುದಿಲ್ಲ, ಇನ್ನೂ ನೂರೈವತ್ತು ಪುಟ ಇದೆಯಲ್ಲ! ಉಳಿದ ಪುಟಗಳಿಗೆ ರಟ್ಟು ಸೇರಿಸಿ ಕ್ಲಿಪ್ ಹಾಕಿ ನೋಡಿದೆ, ಪ್ರಯೋಜನವಾಗಲಿಲ್ಲ, ತೂಕವೇ ಹೇಳಿಬಿಡುತ್ತದೆ. ಇ-ರೀಡರಿನಲ್ಲಿ ಶೇಕಡಾವಾರು ತೋರಿಸುವುದನ್ನು ನಿಲ್ಲಿಸಿ ಓದಿದಾಗ ಫಲಿತಾಂಶ ಸಿಕ್ಕಿತು. ಸುಳ್ಳು ಪರಿಹಾರಕ್ಕೆ ಕಾಗದದ ಪುಸ್ತಕದಲ್ಲಿ ಹತ್ತೋ ಹದಿನೈದೋ ಅಂಕ ಕೊಡುತ್ತಿದ್ದವನು ಅಲ್ಲಿ ಐವತ್ತರ ಹತ್ತಿರ ಕೊಟ್ಟೆ. ಲೇಖಕರು ಬಯಸಿದ್ದು ಆ ಐವತ್ತನ್ನೇ ಎಂದು ನನ್ನ ನಂಬಿಕೆ.

ಡಿಸ್ಟೋಪಿಯಾಕ್ಕೆ ಈ ಅಂಕದ ಆಟ ನಡೆಯುವುದಿಲ್ಲ. ಅಲ್ಲಿ ಬೇಕಾದದ್ದು ನಿಯಮಗಳ ಖಾತೆ. ಆ ಲೋಕದ ನಿಯಮ ಏನು, ಅದು ನಮಗೆ ಯಾರಿಂದ ಅಥವಾ ಯಾವುದರಿಂದ ತಿಳಿಯಿತು, ಎಷ್ಟನೇ ಪುಟ, ಒಂದರಿಂದ ಐದರೊಳಗೆ ಎಷ್ಟು ಆಘಾತ. ಎಡಪುಟದಲ್ಲಿ ಇಷ್ಟು. ಬಲಪುಟ ಖಾಲಿ ಇರಬೇಕು, ಯಾಕೆಂದರೆ ಅದೇ ನಿಯಮ ಮತ್ತೆ ಎದುರಾದಾಗಲೆಲ್ಲ ಹೊಸ ಅಂಕ ಅಲ್ಲಿ ಬೀಳುತ್ತದೆ. ನನ್ನ ಮಟ್ಟಿಗೆ ಈ ವಿಧಾನದ ಅತಿ ದೊಡ್ಡ ಗಳಿಕೆ ಈ ಬಲಪುಟ. 1953ರ 'ಫ್ಯಾರನ್‌ಹೈಟ್ 451'ರಲ್ಲಿ ಬೆಂಕಿ ಆರಿಸಬೇಕಾದ ದಳವೇ ಪುಸ್ತಕ ಸುಡುತ್ತದೆ. ಮೊದಲ ಪುಟಕ್ಕೇ 5 ಹಾಕಿದ್ದೆ. ಮೊದಲ ಭಾಗ ಮುಗಿಯುವಷ್ಟರಲ್ಲಿ ಅದೇ ನಿಯಮಕ್ಕೆ ಹಾಕಿದ್ದು 2. ಅಲ್ಲಿ ಬದಲಾದದ್ದು ನಿಯಮವಲ್ಲ, ನಾನು. ಮೂರ್ನಾಲ್ಕು ತಾಸಿನ ಓದಿನಲ್ಲೇ ಒಂದು ಕ್ರೌರ್ಯ ಮಾಮೂಲಾಗಿಬಿಡುತ್ತದೆ ಎಂಬುದಕ್ಕೆ ನನ್ನದೇ ಕೈಬರಹದ ಪುರಾವೆ ಸಿಕ್ಕಿತು. ಮುಗಿಸಿದ ಮೇಲೆ ಬರೆದಿದ್ದರೆ ಈ ಇಳಿತ ನನಗೆ ತಿಳಿಯುತ್ತಲೇ ಇರಲಿಲ್ಲ.

ಖಾತೆ ತುಂಬುತ್ತ ಹೋದಂತೆ ಇನ್ನೊಂದು ಕಾಣಿಸಿತು. ಅಧಿಕಾರದಲ್ಲಿರುವ ಪಾತ್ರ ಭಾಷಣ ಮಾಡಿ ವಿವರಿಸಿದ ನಿಯಮಕ್ಕೆ ಅಂಕ ಬೇಗ ಇಳಿಯುತ್ತದೆ. ಮನೆಯ ವಸ್ತುವೊಂದರ ಮೂಲಕ ಬಂದದ್ದು ಇಳಿಯುವುದಿಲ್ಲ. 1949ರ '1984' ಕಾದಂಬರಿಯ ಟೆಲಿಸ್ಕ್ರೀನ್ ಎಂದರೆ ಮನೆಯಲ್ಲಿರುವವರನ್ನೇ ನೋಡುತ್ತ ಕೇಳುತ್ತ ಇರುವ ಪರದೆ; ಅದರ ದನಿಯನ್ನು ತಗ್ಗಿಸಬಹುದು, ಪೂರ್ತಿ ಆರಿಸಲಾಗದು. ಆ ಒಂದು ವಿವರಕ್ಕೆ ಕೊನೆಯವರೆಗೂ ನಾನು ನಾಲ್ಕಕ್ಕಿಂತ ಕಡಿಮೆ ಹಾಕಲಿಲ್ಲ. ಈ ಖಾತೆಯಲ್ಲಿ ಆಗಾಗ ಕೆಡುವುದು ಎಂದರೆ, ನಿಯಮ ಬರೆಯುವ ಬದಲು ಕಥೆಯ ಸಾರಾಂಶ ಬರೆಯತೊಡಗುವುದು. ಸಾಲಿನಲ್ಲಿ ಪಾತ್ರದ ಹೆಸರು ಬಂದರೆ ಅದನ್ನು ಹೊಡೆದುಹಾಕಿ, "ಇಲ್ಲಿ ಎಲ್ಲರೂ…" ಅಥವಾ "ಇಲ್ಲಿ ಯಾರೂ…" ಎಂದು ಮತ್ತೆ ಶುರು ಮಾಡಿದರೆ ಸರಿಹೋಗುತ್ತದೆ.

ಮುನ್ನುಡಿ ಮತ್ತು ಅನುಬಂಧದ ವಿಷಯದಲ್ಲಿ ಎಚ್ಚರ ಬೇಕು. ಹಳೆಯ ಪ್ರಸಿದ್ಧ ಕಾದಂಬರಿಗಳಿಗೆ ವಿದ್ವಾಂಸರು ಬರೆದ ಮುನ್ನುಡಿಗಳು ಅಂತ್ಯವನ್ನು ಸಂಕೋಚವಿಲ್ಲದೆ ಹೇಳಿಬಿಡುತ್ತವೆ. ಅವನ್ನು ಕೊನೆಗೆ ಓದಬೇಕು. ಅನುಬಂಧ ಹಾಗಲ್ಲ, ಅದು ಕೃತಿಯದೇ ಭಾಗ. '1984'ರ ಮೊದಲ ಅಧ್ಯಾಯದ ಅಡಿಟಿಪ್ಪಣಿಯೊಂದು ಕೊನೆಯ ಅನುಬಂಧವನ್ನು ನೋಡಿ ಎನ್ನುತ್ತದೆ. ಆ ಅನುಬಂಧ ಆ ಲೋಕದ ಅಧಿಕೃತ ಭಾಷೆಯಾದ ನ್ಯೂಸ್ಪೀಕ್ ಬಗ್ಗೆ, ಅದು ಮುಗಿದುಹೋದ ಸಂಗತಿ ಎಂಬಂತೆ, ಭೂತಕಾಲದಲ್ಲಿ ಮಾತಾಡುತ್ತದೆ. 1985ರ 'ದಿ ಹ್ಯಾಂಡ್‌ಮೇಡ್ಸ್ ಟೇಲ್' ಕೊನೆಗೊಳ್ಳುವುದು 2195ರಲ್ಲಿ ನಡೆಯುವ ವಿದ್ವಾಂಸರ ಸಭೆಯ ಟಿಪ್ಪಣಿಯೊಂದಿಗೆ. ಎರಡರಲ್ಲೂ ಮುಖ್ಯ ಕಥೆ ಮುಗಿದಲ್ಲಿ ಪುಸ್ತಕ ಮುಚ್ಚಿ ಒಂದು ಪ್ರತಿಕ್ರಿಯೆ, ಆ ಕೊನೆಯ ಭಾಗ ಓದಿದ ಮೇಲೆ ಇನ್ನೊಂದು ಬರೆಯಬೇಕು. ಹೀಗೆ ಎರಡು ಸಲ ಬರೆದಾಗಲೇ ಆ ಪುಟಗಳು ಏನು ಮಾಡುತ್ತಿವೆ ಎಂಬುದು ಕಾಣುತ್ತದೆ.

ಖರ್ಚಿನ ಮಾತಿಗೆ ಬಂದರೆ, ಡಿಸ್ಟೋಪಿಯಾ ಕೊಳ್ಳುವುದು, ಪತ್ತೇದಾರಿ ಎರವಲು ತರುವುದು ನನ್ನ ಲೆಕ್ಕ. ಬಲಪುಟ ತುಂಬಲು ಡಿಸ್ಟೋಪಿಯಾಕ್ಕೆ ಮತ್ತೆ ಮತ್ತೆ ಮರಳಬೇಕಾಗುತ್ತದೆ, ಪತ್ತೇದಾರಿಗೆ ಎರಡು ಓದು ಸಾಕು. ಡಿಸ್ಟೋಪಿಯಾ ಹಳೆಯ ಪ್ರತಿಯಾದರೂ ನಡೆಯುತ್ತದೆ. ಹೊಸದೊಂದರ ದುಡ್ಡಿಗೆ ಹಳೆಯವು ಎರಡು ಮೂರು ಸಿಗುತ್ತವೆ, ಹಿಂದಿನ ಓದುಗರ ಗೆರೆಗಳೂ ಅಲ್ಲಿ ಒಂದು ಮಾಹಿತಿಯೇ. ಆದರೆ ಪತ್ತೇದಾರಿಯ ಹಳೆಯ ಪ್ರತಿ ಕೊಂಡರೆ ದುಡ್ಡು ನೀರಿಗೆ ಹಾಕಿದ ಹಾಗೆ. ಪಾತ್ರಪಟ್ಟಿಯಲ್ಲೇ ಯಾರೋ ಕೊಲೆಗಾರನ ಹೆಸರಿಗೆ ಸುತ್ತು ಹಾಕಿಟ್ಟ ಪ್ರತಿಗಳಿಗೆ ನನ್ನ ದುಡ್ಡು ಹೋಗಿದೆ. ಎರವಲು ತರುವಾಗಲೂ ಮೊದಲ ಮೂವತ್ತು ಪುಟಗಳನ್ನು ಬೇರೆಯವರಿಂದ ತಿರುವಿಸಿ ನೋಡಿಸುವುದು ಕ್ಷೇಮ. ಒಂದು ನೋಟ್‌ಬುಕ್ಕಿಗೆ ಸುಮಾರು ಆರು ಕಾದಂಬರಿ ಹಿಡಿಸುತ್ತವೆ. ಓದುವ ಸಮಯ ಕಾಲು ಭಾಗದಷ್ಟು ಹೆಚ್ಚುತ್ತದೆ, ಆದರೆ ಬರೆಯುವ ಸಮಯದಲ್ಲಿ ಅದರ ದುಪ್ಪಟ್ಟು ಉಳಿಯುತ್ತದೆ.

ಒಂದೇ ಪತ್ತೇದಾರಿಯನ್ನು ಇಬ್ಬರು ಒಂದೇ ನಿಲ್ದಾಣಗಳಿಟ್ಟುಕೊಂಡು ಓದಿ, ಮುಗಿದ ಮೇಲೆ ಅಂಕ ಹೋಲಿಸುವ ಪ್ರಯೋಗವೂ ಚೆನ್ನಾಗಿ ನಡೆಯಿತು. ಇಬ್ಬರ ಮುದ್ರಣ ಬೇರೆಯಾದರೆ ಪುಟಸಂಖ್ಯೆ ಹೊಂದುವುದಿಲ್ಲ, ಅಧ್ಯಾಯ ಮತ್ತು ಪ್ಯಾರಾ ಲೆಕ್ಕ ಇಟ್ಟುಕೊಳ್ಳಬೇಕು. ಇಬ್ಬರೂ ಒಂದೇ ಜಾಗದಲ್ಲಿ ದಾರಿ ತಪ್ಪಿದ್ದರೆ ಅದು ಲೇಖಕರ ಕೈಚಳಕ. ಒಬ್ಬರೇ ತಪ್ಪಿದ್ದರೆ ಕಾರಣ ಆ ಓದುಗರೊಳಗೇ ಇದೆ.

ಬರಹಕ್ಕೆ ಕೂರುವಾಗ ನೋಟ್‌ಬುಕ್ಕಿನಿಂದ ಮೂರೇ ಜಾಗ ಆರಿಸುತ್ತೇನೆ: ಅಂಕ ಅತಿ ಜೋರಾಗಿ ಜಿಗಿದದ್ದು ಅಥವಾ ಇಳಿದದ್ದು ಒಂದು, ಸುತ್ತು ಹಾಕಿದ್ದು ಒಂದು. ಮೂರನೆಯದನ್ನು ಆರಿಸಲು ನನ್ನದೊಂದು ಗುಟ್ಟಿನ ಗುರುತಿದೆ. ಪಟ್ಟಿಯ ಹಿಂಬದಿಯಲ್ಲಿ ಹಾಕುವಂಥದ್ದು ಎಂದಷ್ಟೇ ಹೇಳಬಲ್ಲೆ. ಇನ್ನೂ ಕೆಲವು ಸ್ಪರ್ಧೆಗಳಿಗೆ ಬರೆಯುವುದಿದೆ, ಅದಕ್ಕೇ ಈ ಗುಟ್ಟು. ಮೂರು ಜಾಗಕ್ಕೂ ಆಗ ಬರೆದ ವಾಕ್ಯವನ್ನು ತಿದ್ದದೆ ಮೊದಲು ಇಟ್ಟು, ಅದರ ಕೆಳಗೆ ಈಗಿನ ಅಭಿಪ್ರಾಯವನ್ನು ನಾಲ್ಕೈದು ಸಾಲಿನಲ್ಲಿ ಬರೆಯುತ್ತೇನೆ. ಕಥಾಸಾರಕ್ಕೆ ಎರಡು ಸಾಲಿಗಿಂತ ಹೆಚ್ಚು ಕೊಡುವುದಿಲ್ಲ, ಅದೂ ಮೂರು ಜಾಗಗಳಿಗೆ ಬೇಕಾದಷ್ಟೇ.