ಮೂರನೇ ಪಕ್ಷಕ್ಕೆ ನಾನು ಹಾಕಿದ ವೋಟು, ಹಾಕದೇ ಬಿಟ್ಟ ವೋಟು

ಅಮೆರಿಕದ ಸಿಟಿಜನ್‌ಶಿಪ್ ಇಂಟರ್‌ವ್ಯೂಗೆ ಓದಿಕೊಳ್ಳಲು ಆಗ 100 ಪ್ರಶ್ನೆಗಳ ಪಟ್ಟಿ ಇತ್ತು. ಅದರಲ್ಲಿ ಹತ್ತರವರೆಗೆ ಕೇಳುತ್ತಿದ್ದರು. ಆರಕ್ಕೆ ಸರಿಯಾಗಿ ಹೇಳಿದರೆ ಪಾಸು. 2015ರಲ್ಲಿ ನನ್ನ ಸರದಿ ಬಂತು. ಎದುರಿಗೆ ಕೂತಿದ್ದ ಅಧಿಕಾರಿ ಕೇಳಿದ ಒಂದು ಪ್ರಶ್ನೆ: "ಈ ದೇಶದ ಎರಡು ಮುಖ್ಯ ರಾಜಕೀಯ ಪಕ್ಷಗಳು ಯಾವುವು?" ಡೆಮಾಕ್ರಟಿಕ್, ರಿಪಬ್ಲಿಕನ್ ಅಂದೆ. ಮರುವರ್ಷ ನನ್ನ ಮೊದಲ ಅಧ್ಯಕ್ಷೀಯ ಚುನಾವಣೆ ಬಂತು. ಆ ಎರಡನ್ನೂ ಬಿಟ್ಟು ಮೂರನೆಯದಕ್ಕೆ ವೋಟು ಹಾಕಿದೆ.

ಅದು ಸರಿಯಾ, ದಂಡವಾ ಅಂತ ಸ್ನೇಹಿತರು ಈಗಲೂ ಕೇಳುತ್ತಾರೆ. ಆಮೇಲೆ ನಾನು ಬೇರೆ ರಾಜ್ಯಕ್ಕೆ ಬಂದೆ. ಇಲ್ಲಿ ಬೇರೆ ಥರ ವೋಟು ಹಾಕಿದೆ. ಎರಡನ್ನೂ ಮಾಡಿ ನೋಡಿದ್ದೇನೆ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಹಾಸನ ಜಿಲ್ಲೆಯವನು. 1996ರ ಜೂನ್ 1ರಂದು ನಮ್ಮ ಜಿಲ್ಲೆಯ ದೇವೇಗೌಡರು ಪ್ರಧಾನಿಯಾದಾಗ ಎಂಜಿನಿಯರಿಂಗ್ ಓದುತ್ತಿದ್ದೆ. ಜನತಾದಳಕ್ಕೆ ಕರ್ನಾಟಕದಿಂದ ಬಂದಿದ್ದು 28ರಲ್ಲಿ 16 ಸೀಟು. ದೇಶದಲ್ಲೆಲ್ಲ ಸೇರಿ 46. ಕಾಂಗ್ರೆಸ್ಸೂ ಅಲ್ಲ, ಬಿಜೆಪಿಯೂ ಅಲ್ಲ, ಆದರೂ ಪ್ರಧಾನಿ ನಮ್ಮವರು. ಹಾಸ್ಟೆಲ್ಲಿನ ಟಿವಿ ಮುಂದೆ ಕೂತು ಪ್ರಮಾಣವಚನ ನೋಡಿದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಹಾಗಾಗಿ ಮೂರನೆಯವರಿಗೆ ಹಾಕಿದ ವೋಟು ಹಾಳು ಅನ್ನುವ ಮಾತು ನನ್ನ ತಲೆಗೆ ಇಳಿಯುತ್ತಲೇ ಇರಲಿಲ್ಲ. ನಮ್ಮಪ್ಪ ಹೇಳುತ್ತಿದ್ದದ್ದೂ ಅದೇ: "ಗೆದ್ದೆತ್ತಿನ ಬಾಲ ಹಿಡಿಯೋದಕ್ಕೆ ವೋಟು ಯಾಕೆ ಬೇಕು ಮಗಾ?"

ಇಲ್ಲಿಗೆ ಬಂದು ಹಲವು ವರ್ಷ ಕಳೆದ ಮೇಲೆ ಅರ್ಥವಾಯಿತು, ಆ ಲೆಕ್ಕ ಇಲ್ಲಿ ನಡೆಯಲ್ಲ. ನಮ್ಮಲ್ಲಿ ಸಣ್ಣ ಪಕ್ಷ ಹತ್ತು ಸೀಟು ಗೆದ್ದರೂ ಸರ್ಕಾರ ಮಾಡುವಾಗ ಅದರ ಮನೆ ಬಾಗಿಲಿಗೆ ಹೋಗಬೇಕು. ಅಮೆರಿಕದ ಅಧ್ಯಕ್ಷರ ಚುನಾವಣೆಯಲ್ಲಿ ಆಮೇಲೆ ಕೂತು ಕೂಡಿಸುವುದು ಅಂತ ಏನೂ ಇಲ್ಲ. ರಾಜ್ಯಗಳ ಪರವಾಗಿ ಅಧ್ಯಕ್ಷರನ್ನು ಆರಿಸುವ 538 ಎಲೆಕ್ಟರ್‌ಗಳು, 270 ಬಂದವರು ಗೆದ್ದರು. ಮೇನ್ ಮತ್ತು ನೆಬ್ರಾಸ್ಕಾ ಬಿಟ್ಟರೆ ಎಲ್ಲ ಕಡೆ ರಾಜ್ಯದಲ್ಲಿ ಒಂದು ವೋಟು ಜಾಸ್ತಿ ಬಂದವರಿಗೆ ಆ ರಾಜ್ಯದ ಎಲ್ಲ ಎಲೆಕ್ಟರ್‌ಗಳೂ ಹೋಗುತ್ತಾರೆ. 1992ರಲ್ಲಿ ಯಾವ ಪಕ್ಷಕ್ಕೂ ಸೇರದೆ ನಿಂತ ರಾಸ್ ಪೆರೋಗೆ ದೇಶದ ಸುಮಾರು 19% ವೋಟು ಬಿತ್ತು. ಹತ್ತಿರ ಹತ್ತಿರ ಎರಡು ಕೋಟಿ ಜನ. ಎಲೆಕ್ಟರ್‌ಗಳು ಎಷ್ಟು? ಸೊನ್ನೆ. 46 ಸೀಟಿಗೆ ಪ್ರಧಾನಿ ಪಟ್ಟ ಕಂಡವನಿಗೆ ಆ ಸೊನ್ನೆಯನ್ನು ಅರಗಿಸಿಕೊಳ್ಳುವುದು ಸುಲಭವಾಗಲಿಲ್ಲ.

ಇನ್ನೊಂದನ್ನು ಕಣ್ಣಾರೆ ನೋಡಿದ್ದೆ. ನಾನು ಬಂದಿದ್ದು 1999ರಲ್ಲಿ, ವೈಟುಕೆ ಕೆಲಸಕ್ಕೆ (ಕಂಪ್ಯೂಟರುಗಳಲ್ಲಿ 2000ನೇ ಇಸವಿಯ ತೊಡಕು ಸರಿಪಡಿಸುವುದು), ಎಚ್1ಬಿ ಕೆಲಸದ ವೀಸಾ ಮೇಲೆ. ಮರುವರ್ಷವೇ ಅಧ್ಯಕ್ಷೀಯ ಚುನಾವಣೆಯಲ್ಲಿ ಫ್ಲೋರಿಡಾದ ಮರುಎಣಿಕೆಯ ಆ ರಂಪ. ಅಧಿಕಾರಿಗಳು ಬ್ಯಾಲೆಟ್ ಕಾರ್ಡನ್ನು ಬೆಳಕಿಗೆ ಹಿಡಿದು ತೂತು ಸರಿಯಾಗಿ ಬಿದ್ದಿದೆಯಾ ಅಂತ ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. ಕೊನೆಗೆ ರಿಪಬ್ಲಿಕನ್ ಪಕ್ಷದ ಬುಷ್ ಗೆದ್ದದ್ದು 537 ವೋಟಿನಲ್ಲಿ. ಅದೇ ರಾಜ್ಯದಲ್ಲಿ ಗ್ರೀನ್ ಪಕ್ಷದ ರಾಲ್ಫ್ ನೇಡರ್‌ಗೆ 97,488 ಬಿದ್ದಿತ್ತು. ನೇಡರ್‌ಗೆ ಹಾಕಿದವರೆಲ್ಲ ಡೆಮಾಕ್ರಟಿಕ್ ಪಕ್ಷದ ಗೋರ್‌ಗೇ ಹಾಕುತ್ತಿದ್ದರು ಅಂತ ನಾನು ಹೇಳಲ್ಲ. ಕೆಲವರು ಮನೆಯಲ್ಲೇ ಕೂರುತ್ತಿದ್ದರು. ಆದರೆ 537 ಅನ್ನೋದು ಒಂದು ಮದುವೆ ಮನೆಯ ಎರಡು ಪಂಕ್ತಿ ಊಟದ ಜನ, ಅಷ್ಟೇ.

2016ಕ್ಕೆ ಬರುತ್ತೇನೆ. ಆಗ ನಾವು ಕ್ಯಾಲಿಫೋರ್ನಿಯಾದಲ್ಲಿದ್ದೆವು. ಎರಡೂ ದೊಡ್ಡ ಪಕ್ಷಗಳ ಮೇಲೆ ನನಗೆ ಬೇಜಾರಿತ್ತು. ಮುಖ್ಯ ಕಾರಣ ಇರಾಕ್ ಯುದ್ಧ. 2002ರಲ್ಲಿ ಸೆನೆಟ್‌ನಲ್ಲಿ ಅದಕ್ಕೆ 77 ಜನ ಹೂಂ ಅಂದರು, 23 ಜನ ಮಾತ್ರ ಬೇಡ ಅಂದರು. ನಮ್ಮ ಪಕ್ಕದ ಮನೆಯ ಹುಡುಗ ಅಲ್ಲಿಗೆ ಹೋಗಿ ಬಂದ. ಜುಲೈ 4ರ ಪಟಾಕಿ ಸದ್ದಿಗೆ ಅವನು ಗ್ಯಾರೇಜಿನೊಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದ. ಇನ್ನೊಂದು ನಮ್ಮವರೆಲ್ಲರ ನೋವು, ಗ್ರೀನ್ ಕಾರ್ಡ್ ಕ್ಯೂ. ಒಂದು ದೇಶಕ್ಕೆ 7% ಮಿತಿ ಅನ್ನುವ ನಿಯಮದಿಂದ ಭಾರತದಲ್ಲಿ ಹುಟ್ಟಿದವರು ವರ್ಷಗಟ್ಟಲೆ ಕಾಯಬೇಕು. ಯಾವ ಪಕ್ಷದ ಸರ್ಕಾರ ಬಂದರೂ ಆ ಕ್ಯೂ ಕರಗಲಿಲ್ಲ.

ನಾನು ಆರಿಸಿಕೊಂಡದ್ದು ಲಿಬರ್ಟೇರಿಯನ್ ಪಕ್ಷದ ಗ್ಯಾರಿ ಜಾನ್ಸನ್ ಅವರನ್ನು. ನ್ಯೂ ಮೆಕ್ಸಿಕೊದಲ್ಲಿ ಎರಡು ಸಲ ಗವರ್ನರ್ ಆಗಿದ್ದವರು. ಆ ಪಕ್ಷದ ಎಲ್ಲ ಮಾತೂ ನನಗೆ ಒಪ್ಪಿಗೆ ಇರಲಿಲ್ಲ. ಸರ್ಕಾರಿ ಶಾಲೆಯಲ್ಲಿ ಓದಿ ಬಂದ ನನಗೆ ಸರ್ಕಾರ ಏನೂ ಮಾಡಬಾರದು ಅನ್ನುವ ವಾದ ಹಿಡಿಸುವುದಾದರೂ ಹೇಗೆ? ಆದರೆ ಯುದ್ಧ ಬೇಡ, ವಲಸೆ ಬರುವವರಿಗೆ ದಾರಿ ಸಲೀಸಾಗಲಿ ಅನ್ನುವ ಎರಡು ವಿಷಯದಲ್ಲಿ ಅವರು ನೇರವಾಗಿದ್ದರು.

ಸುಮ್ನೆ ಸಿಟ್ಟಿಗೆ ಹಾಕಿದ ವೋಟಲ್ಲ ಅದು. ಲೆಕ್ಕ ಹಾಕಿದ್ದೆ. ಇಡೀ ದೇಶದಲ್ಲಿ 5% ವೋಟು ಬಂದರೆ ಆ ಪಕ್ಷಕ್ಕೆ ಮುಂದಿನ ಚುನಾವಣೆಗೆ ಸರ್ಕಾರದ ಹಣದಲ್ಲಿ ಒಂದು ಪಾಲು ಸಿಗುತ್ತದೆ. ಪೆರೋ ಅವರಿಗೆ 1996ರಲ್ಲಿ ಬಂದ 8%ನಿಂದಲೇ ಅವರ ರಿಫಾರ್ಮ್ ಪಕ್ಷಕ್ಕೆ 2000ದಲ್ಲಿ 1 ಕೋಟಿ 20 ಲಕ್ಷ ಡಾಲರ್‌ಗೂ ಜಾಸ್ತಿ ಸಿಕ್ಕಿತ್ತು. 2016ರ ಬೇಸಿಗೆಯ ಸಮೀಕ್ಷೆಗಳಲ್ಲಿ ಜಾನ್ಸನ್ 8-9% ತೋರಿಸುತ್ತಿದ್ದರು. ಟಿವಿ ಚರ್ಚೆಗೆ ಬೇಕಿದ್ದದ್ದು 15%. ಅದು ಆಗಲ್ಲ ಅಂತ ಗೊತ್ತಿತ್ತು. 5% ಆಗಬಹುದು ಅನ್ನಿಸಿತ್ತು. ಆ 5%ಗೆ ರಾಜ್ಯದ ಗಡಿ ಇಲ್ಲ. ಗೆಲುವು-ಸೋಲು ಮೊದಲೇ ತೀರ್ಮಾನವಾಗಿರುವ ಕ್ಯಾಲಿಫೋರ್ನಿಯಾದ ವೋಟೂ ಅದಕ್ಕೆ ಕೂಡುತ್ತದೆ.

ಅಂಚೆಯಲ್ಲಿ ಬಂದ ಬ್ಯಾಲೆಟ್ಟನ್ನು ಊಟದ ಟೇಬಲ್ ಮೇಲೆ ಹರಡಿಕೊಂಡು ನಾನೂ ನನ್ನ ಹೆಂಡತಿಯೂ ಕೂತೆವು. ಆ ವರ್ಷ ಜನರ ವೋಟಿಗೆ ರಾಜ್ಯದ 17 ಪ್ರಸ್ತಾವಗಳಿದ್ದವು, ಜೊತೆಗೆ 224 ಪುಟದ ಕೈಪಿಡಿ. ಟೇಬಲ್ಲಿನ ಒಂದು ತುದಿಯಲ್ಲಿ ಆರುತ್ತಿದ್ದ ಸಾರಿನ ಪಾತ್ರೆ, ಇನ್ನೊಂದು ತುದಿಯಲ್ಲಿ ಆ ದಪ್ಪ ಪುಸ್ತಕ. ಅಧ್ಯಕ್ಷ ಸ್ಥಾನಕ್ಕೆ ಐದು ಜೋಡಿ ಹೆಸರು. ನಾನು ಜಾನ್ಸನ್ ಹೆಸರಿನ ಮುಂದೆ ಗುರುತು ಹಾಕಿದ್ದನ್ನು ಅವಳು ನೋಡಿದಳು.

"ರೀ, ಗೆಲ್ಲಲ್ಲ ಅಂತ ಗೊತ್ತಿದ್ದೂ ಹಾಕ್ತೀರಲ್ಲ?"

"ನೀನು ಹಾಕಿದವರು ಈ ರಾಜ್ಯದಲ್ಲಿ ಸೋಲಲ್ಲ ಅಂತ ಗೊತ್ತಿದ್ದೂ ನೀನು ಹಾಕಿದೆಯಲ್ಲ. ಎರಡೂ ಒಂದೇ ಅಲ್ವಾ?"

ಅವಳು ಸ್ವಲ್ಪ ಹೊತ್ತು ಯೋಚಿಸಿದಳು. "ಒಂದೇ ಅಲ್ಲ. ಸಮೀಕ್ಷೆ ತಪ್ಪಾದ್ರೆ ನನ್ನ ವೋಟು ಕೆಲಸಕ್ಕೆ ಬರುತ್ತೆ" ಅಂದಳು. ಆ ಮಾತು ನನ್ನ ಮನಸ್ಸಿನಲ್ಲಿ ಉಳಿದುಕೊಂಡಿತು. ಲಕೋಟೆಗೆ ಸಹಿ ಹಾಕಿ, ಸ್ಟಾಂಪ್ ಅಂಟಿಸಿ, ಇಬ್ಬರೂ ನಡೆದುಕೊಂಡೇ ಹೋಗಿ ಅಂಚೆ ಡಬ್ಬಿಗೆ ಹಾಕಿ ಬಂದೆವು.

ಕ್ಯಾಲಿಫೋರ್ನಿಯಾದಲ್ಲಿ ಡೆಮಾಕ್ರಟಿಕ್ ಪಕ್ಷದ ಹಿಲರಿ ಕ್ಲಿಂಟನ್ 42 ಲಕ್ಷಕ್ಕೂ ಜಾಸ್ತಿ ವೋಟಿನ ಅಂತರದಲ್ಲಿ ಗೆದ್ದರು. ನನ್ನ ವೋಟು ಅಲ್ಲಿ ಯಾರಿಗೂ ನಷ್ಟ ಮಾಡಲಿಲ್ಲ. ಆದರೆ ಜಾನ್ಸನ್‌ಗೆ ದೇಶದಲ್ಲಿ ಬಂದದ್ದು 3.28%. 5% ಮುಟ್ಟಲಿಲ್ಲ. ಬೇಸಿಗೆಯಲ್ಲಿ ಅವರ ಹೆಸರು ಹೇಳಿದ ಎಷ್ಟೋ ಜನ ನವೆಂಬರ್‌ನಲ್ಲಿ ಹೆದರಿ ಹಿಂದೆ ಸರಿದರು. ಮೂರನೇ ಪಕ್ಷಗಳ ಪಾಡು ಪ್ರತಿ ಸಲವೂ ಹೆಚ್ಚುಕಮ್ಮಿ ಇದೇ. ನನಗೆ ಬೇಸರವಾಯಿತು, ಪಶ್ಚಾತ್ತಾಪ ಆಗಲಿಲ್ಲ. ಆ ರಾಜ್ಯದಲ್ಲೇ ಇದ್ದಿದ್ದರೆ ಮತ್ತೆ ಅದನ್ನೇ ಮಾಡುತ್ತಿದ್ದೆ.

2018ರಲ್ಲಿ ಕೆಲಸ ಬದಲಾಯಿತು. ಕಾರು ಉದ್ಯಮದ ಸಾಫ್ಟ್‌ವೇರ್, ಡೆಟ್ರಾಯಿಟ್ ಪಕ್ಕದ ಊರು. ಮಿಶಿಗನ್‌ಗೆ ಬಂದ ಮೊದಲ ಚಳಿಗಾಲದಲ್ಲೇ ಕನ್ನಡದವರ ಒಂದು ಪಾಟ್‌ಲಕ್‌ನಲ್ಲಿ ಚುನಾವಣೆಯ ಮಾತು ಬಂತು. 2016ರಲ್ಲಿ ಏನು ಮಾಡಿದೆ ಅಂತ ಹೇಳಿದೆ. ಬಿಸಿಬೇಳೆಬಾತ್ ಬಡಿಸುತ್ತಿದ್ದ ಹಿರಿಯರೊಬ್ಬರು ಸೌಟನ್ನು ಹಾಗೇ ಹಿಡಿದು ನಿಂತರು. "ಇಲ್ಲಿ ಆ ಥರ ಮಾಡಬೇಡಪ್ಪಾ. ಇಲ್ಲಿ ಹತ್ತು ಸಾವಿರದಲ್ಲಿ ಹೋಯ್ತು" ಅಂದರು.

ಮನೆಗೆ ಬಂದು ಲೆಕ್ಕ ನೋಡಿದೆ. ಮಿಶಿಗನ್‌ನಲ್ಲಿ 2016ರಲ್ಲಿ ಟ್ರಂಪ್ ಅವರು ಕ್ಲಿಂಟನ್ ಅವರನ್ನು ಸೋಲಿಸಿದ ಅಂತರ 10,704. ಬೂತುಗಳಿಗೆ ಹಂಚಿದರೆ ಒಂದೊಂದು ಬೂತಿಗೆ ಎರಡು ವೋಟು ಚಿಲ್ಲರೆ. ಅದೇ ರಾಜ್ಯದಲ್ಲಿ ಜಾನ್ಸನ್‌ಗೆ 1,72,136, ಗ್ರೀನ್ ಪಕ್ಷದ ಜಿಲ್ ಸ್ಟೈನ್‌ಗೆ 51,463. ಆಗ ನನಗೆ ನೆನಪಾದದ್ದು ಸಂತೆಮರಹಳ್ಳಿ. 2004ರ ವಿಧಾನಸಭೆ ಚುನಾವಣೆಯಲ್ಲಿ ಅಲ್ಲಿ ಧ್ರುವನಾರಾಯಣ ಗೆದ್ದದ್ದು ಒಂದೇ ಒಂದು ವೋಟಿನಲ್ಲಿ. ಒಂದು ವೋಟಿನ ಬೆಲೆ ಏನು ಅಂತ ಆ ಊರಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹೆಂಡತಿಯ ಮಾತು ಆಗ ಪೂರ್ತಿ ಅರ್ಥವಾಯಿತು. ಕ್ಯಾಲಿಫೋರ್ನಿಯಾದಲ್ಲಿ ನನ್ನ ವೋಟು ಒಂದು ಮಾತು ಹೇಳುತ್ತಿತ್ತು. ಮಿಶಿಗನ್‌ನಲ್ಲಿ ಅದು ತಕ್ಕಡಿಯನ್ನೇ ವಾಲಿಸಬಲ್ಲದು.

2020ರಲ್ಲಿ ದೊಡ್ಡ ಇಬ್ಬರಲ್ಲಿ ಒಬ್ಬರಿಗೆ ಹಾಕಿದೆ. ಯಾರಿಗೆ ಅನ್ನುವುದು ಇಲ್ಲಿಯ ವಿಷಯವಲ್ಲ. ಶಾಲೆಯೊಂದರ ಜಿಮ್‌ನಲ್ಲಿ ಮಾಸ್ಕ್ ಹಾಕಿಕೊಂಡು ಸಾಲಿನಲ್ಲಿ ನಿಂತೆ. ಬ್ಯಾಲೆಟ್ ಯಾರಿಗೂ ಕಾಣದ ಹಾಗೆ ಒಂದು ಉದ್ದನೆಯ ಕವಚ ಕೊಡುತ್ತಾರೆ. ಕಪ್ಪು ಪೆನ್ನಿನಿಂದ ಗುಂಡಿ ತುಂಬಿ ಹಾಳೆಯನ್ನು ಯಂತ್ರದ ಬಾಯಿಗೆ ಕೊಟ್ಟರೆ ಎಳೆದುಕೊಳ್ಳುತ್ತದೆ. ಪರದೆಯ ಮೇಲೆ ಎಣಿಕೆಯ ಅಂಕಿ ಒಂದು ಮುಂದೆ ಹೋಯಿತು. ಆ ಅಂಕಿ ಬದಲಾಗಿದ್ದನ್ನು ನೋಡಿ ಸಮಾಧಾನವಾಯಿತು. ಮನಸ್ಸಿನ ಇನ್ನೊಂದು ಮೂಲೆಯಲ್ಲಿ, ನಾನು ಒಪ್ಪುವ ಒಂದು ಹೆಸರಿಗೂ ಇವತ್ತು ವೋಟು ಹಾಕಲಿಲ್ಲ ಅನ್ನುವ ಕೊರಗು ಇತ್ತು.

ಅದೇ ವರ್ಷ ನ್ಯೂಯಾರ್ಕ್‌ನಲ್ಲಿರುವ ನನ್ನ ಭಾಮೈದ ಇನ್ನೊಂದು ದಾರಿ ಹಿಡಿದ. ಅಲ್ಲಿ ಒಬ್ಬನೇ ಅಭ್ಯರ್ಥಿಯ ಹೆಸರು ಎರಡು ಪಕ್ಷದ ಸಾಲಿನಲ್ಲಿ ಬರಬಹುದು. ಅವನು ಬೈಡನ್‌ಗೇ ಹಾಕಿದ, ಆದರೆ ವರ್ಕಿಂಗ್ ಫ್ಯಾಮಿಲೀಸ್ ಪಕ್ಷದ ಸಾಲಿನಲ್ಲಿ. ಬ್ಯಾಲೆಟ್ ಮೇಲೆ ಜಾಗ ಉಳಿಸಿಕೊಳ್ಳಲು ಸಣ್ಣ ಪಕ್ಷಗಳಿಗೆ ಅಲ್ಲಿ 1,30,000 ವೋಟು ಅಥವಾ 2%, ಯಾವುದು ಜಾಸ್ತಿಯೋ ಅದು ಬೇಕು ಅಂತ ಹೊಸ ಕಾನೂನು ಬಂದಿತ್ತು. ಆ ಪಕ್ಷಕ್ಕೆ 3 ಲಕ್ಷ 80 ಸಾವಿರಕ್ಕೂ ಜಾಸ್ತಿ ಬಿದ್ದು ಜಾಗ ಉಳಿಯಿತು. ಗ್ರೀನ್, ಲಿಬರ್ಟೇರಿಯನ್ ಎರಡೂ ಜಾಗ ಕಳೆದುಕೊಂಡವು. ನಿಮ್ಮ ರಾಜ್ಯದಲ್ಲಿ ಇಂಥ ನಿಯಮ ಏನಿದೆ ಅಂತ ವೋಟಿಗೆ ಮೊದಲು ನೋಡಿಕೊಳ್ಳಿ.

2024ರಲ್ಲಿ ನಾನು ಕಲಿತದ್ದು ಜಾಸ್ತಿ. ಆಫೀಸಿನಲ್ಲಿ ನನ್ನ ಪಕ್ಕ ಕೂರುವ ಹುಡುಗ ಡಿಯರ್‌ಬಾರ್ನ್ ಊರಿನವನು, ಮನೆಯವರು ಲೆಬನಾನ್‌ನಿಂದ ಬಂದವರು. ಗಾಜಾ ಯುದ್ಧದ ದಿನಗಳಲ್ಲಿ ಅವನು ಊಟದ ಡಬ್ಬಿ ತೆರೆಯದೆ ಫೋನ್ ನೋಡುತ್ತಾ ಕೂತಿರುತ್ತಿದ್ದ. ಫೆಬ್ರವರಿ 27ರಂದು ಪಕ್ಷದ ಅಭ್ಯರ್ಥಿಯನ್ನು ಆರಿಸುವ ಪ್ರೈಮರಿಯಲ್ಲಿ ಡೆಮಾಕ್ರಟಿಕ್ ಬ್ಯಾಲೆಟ್ ತೆಗೆದುಕೊಂಡು 'ಅನ್‌ಕಮಿಟೆಡ್' ಅನ್ನುವ ಸಾಲಿಗೆ ಹಾಕಿ ಅಂತ ಅವನು ಎಲ್ಲರನ್ನೂ ಕೇಳಿಕೊಂಡ. ಯಾವ ಅಭ್ಯರ್ಥಿಗೂ ಕಟ್ಟುಬಿದ್ದಿಲ್ಲ ಅಂತ ಅದರ ಅರ್ಥ, ಬೈಡನ್ ಅವರ ಗಾಜಾ ನೀತಿಗೆ ಪ್ರತಿಭಟನೆ. ನಾನೂ ಹಾಕಿದೆ. ಒಂದು ಲಕ್ಷಕ್ಕೂ ಜಾಸ್ತಿ ಜನ ಹಾಕಿದರು. ದೇಶದ ಪತ್ರಿಕೆಗಳೆಲ್ಲ ಡಿಯರ್‌ಬಾರ್ನ್ ಕಡೆ ತಿರುಗಿದವು. ಯುದ್ಧ ನಿಲ್ಲಲಿಲ್ಲ, ಅದು ನಿಜ. ಆದರೆ ಗೆಲುವು-ಸೋಲಿಗೆ ಪೆಟ್ಟಾಗದೆ ನಮ್ಮ ಮಾತು ಕೇಳಿಸುವ ಜಾಗ ಪ್ರೈಮರಿ ಅಂತ ಅವತ್ತು ಗೊತ್ತಾಯಿತು. ಮೂರನೇ ಪಕ್ಷದ ಬಗ್ಗೆ ಮಾತಾಡುವ ನಮ್ಮವರಲ್ಲಿ ಎಷ್ಟೋ ಜನ ಪ್ರೈಮರಿ ದಿನ ಯಾವತ್ತು ಅಂತಲೂ ನೋಡುವುದಿಲ್ಲ. ನಾನೂ ಮೊದಲು ನೋಡುತ್ತಿರಲಿಲ್ಲ.

ನವೆಂಬರ್‌ನಲ್ಲಿ ಅವನು ಸ್ಟೈನ್‌ಗೆ ಹಾಕಿದ. ನಾನು ಹಾಕಲಿಲ್ಲ. ಡಿಯರ್‌ಬಾರ್ನ್‌ನಲ್ಲಿ ಸ್ಟೈನ್‌ಗೆ ಸುಮಾರು 18% ಬಂತು. ಫಲಿತಾಂಶದ ಮರುದಿನ ಆಫೀಸಿನಲ್ಲಿ ಒಬ್ಬರು ಅವನಿಗೆ ಕೇಳಿಸುವ ಹಾಗೆ "ನಿಮ್ಮಂಥವರಿಂದಲೇ ಆಗಿದ್ದು" ಅಂದರು. ನನಗೆ ತಡೆಯಲಾಗಲಿಲ್ಲ. ಅಂಕಿ ತೆಗೆದು ತೋರಿಸಿದೆ. ಮಿಶಿಗನ್‌ನಲ್ಲಿ ಆ ಸಲ ಟ್ರಂಪ್ ಗೆದ್ದ ಅಂತರ 80 ಸಾವಿರ. ಸ್ಟೈನ್‌ಗೆ ಇಡೀ ರಾಜ್ಯದಲ್ಲಿ ಬಿದ್ದದ್ದು 45 ಸಾವಿರಕ್ಕೂ ಕಡಿಮೆ. ಅಷ್ಟೂ ಜನ ಟ್ರಂಪ್ ಎದುರು ನಿಂತಿದ್ದ ಡೆಮಾಕ್ರಟಿಕ್ ಪಕ್ಷದ ಹ್ಯಾರಿಸ್‌ಗೆ ಹಾಕಿದ್ದರೂ ಸಾಲುತ್ತಿರಲಿಲ್ಲ. ತನ್ನವರು ಸಾಯುವುದನ್ನು ನೋಡುತ್ತಾ ಕೂತಿದ್ದ ಹುಡುಗನ ಮೇಲೆ ಸುಳ್ಳು ಲೆಕ್ಕದ ಹೊರೆ ಹೊರಿಸುವುದು ಅನ್ಯಾಯ.

ಆ ಚಳಿಗಾಲ ಪೂರ್ತಿ ನನ್ನನ್ನು ಕಾಡಿದ್ದು ಒಂದೇ ಪ್ರಶ್ನೆ. ನಾನು ಮನಸ್ಸಿಗೆ ಒಪ್ಪಿದವರಿಗೆ ಹಾಕುವುದಕ್ಕೂ, ಬೇಡದವರನ್ನು ತಡೆಯುವುದಕ್ಕೂ ಒಂದೇ ಗುಂಡಿ ಯಾಕಿರಬೇಕು? ಮೇನ್ ರಾಜ್ಯದಲ್ಲಿ 2020ರಿಂದ ಅಧ್ಯಕ್ಷರ ಚುನಾವಣೆಗೂ ಹೆಸರುಗಳನ್ನು ಒಂದು, ಎರಡು, ಮೂರು ಅಂತ ಸಾಲಾಗಿ ಗುರುತಿಸಬಹುದು. 2024ರಲ್ಲಿ ಅಲಾಸ್ಕಾದಲ್ಲೂ ಹಾಗೇ ನಡೆಯಿತು. ಯಾರಿಗೂ ಅರ್ಧಕ್ಕಿಂತ ಜಾಸ್ತಿ ಬರದಿದ್ದರೆ ಕೊನೆಯವರನ್ನು ತೆಗೆದು, ಅವರಿಗೆ ಹಾಕಿದವರ ಎರಡನೇ ಆಯ್ಕೆಯನ್ನು ಎಣಿಸುತ್ತಾರೆ. ಅಲ್ಲಿ ನನ್ನ ಹೆಂಡತಿಯ ಪ್ರಶ್ನೆಗೂ ನನ್ನ ಪ್ರಶ್ನೆಗೂ ಒಂದೇ ಹಾಳೆಯಲ್ಲಿ ಉತ್ತರ ಬರೆಯಬಹುದು.

ಮಿಶಿಗನ್‌ನಲ್ಲಿ ಅದನ್ನು ತರಲು ರಾಜ್ಯದ ಸಂವಿಧಾನ ತಿದ್ದುವ ಪ್ರಸ್ತಾವ ಹೊರಟಿತ್ತು. ಅದು ಜನರ ಮುಂದೆ ಹೋಗಲು 4,46,198 ಸಹಿ ಬೇಕಿತ್ತು. 2025ರ ಬೇಸಿಗೆಯಲ್ಲಿ ನಾನೂ ಒಂದು ರಟ್ಟು, ಎರಡು ಪೆನ್ನು ಹಿಡಿದು ಶನಿವಾರದ ರೈತರ ಸಂತೆಯಲ್ಲಿ ನಿಂತೆ. ಮೊದಲ ಒಂದು ಗಂಟೆ ಯಾರೂ ನಿಲ್ಲಲಿಲ್ಲ. ಆಮೇಲೆ ಜೋಳದ ತೆನೆ ಆರಿಸುತ್ತಿದ್ದ ವಯಸ್ಸಾದ ಅಮ್ಮ ಒಬ್ಬರು ಚೀಲ ಕೆಳಗಿಟ್ಟು ಹತ್ತಿರ ಬಂದರು. ಎಲ್ಲ ಕೇಳಿಸಿಕೊಂಡು, "ಎರಡನೇ ಹೆಸರು ಬರೆಯಲು ಇಷ್ಟ ಇಲ್ಲದಿದ್ದರೆ?" ಅಂದರು. ಬಿಡಬಹುದು, ಮೊದಲನೆಯದು ಎಣಿಕೆಗೆ ಬಂದೇ ಬರುತ್ತದೆ ಅಂದೆ.

"ನಾನು 92ರಲ್ಲಿ ಪೆರೋಗೆ ಹಾಕಿದ್ದೆ" ಅಂದರು ಅವರು, ಕನ್ನಡಕ ಸರಿ ಮಾಡಿಕೊಳ್ಳುತ್ತಾ. "ನನ್ನ ಗಂಡ ಒಂದು ವಾರ ಮಾತು ಬಿಟ್ಟಿದ್ದರು." ಪೆನ್ನು ತೆಗೆದುಕೊಂಡು ಹೆಸರು, ವಿಳಾಸ, ತಾರೀಖು ಎಲ್ಲ ನಿಧಾನವಾಗಿ ಬರೆದರು. ನನ್ನ ಹಾಳೆಯ ಮೊದಲ ಸಹಿ ಅದು.